ಎಡಗಡೆಯ ಎರಡು ಮಡ್‌ಗಾರ್ಡ್

"ಇನ್ನೊಂಚೂರು ಮೇಲೆತ್ತು," ಅಂದ ಅಪ್ಪ.

ಮಗಳು ಇನ್ಸ್‌ಪೆಕ್ಟರ್ ತುದಿಗಾಲಲ್ಲಿ ನಿಂತು ಮೇಲೆತ್ತಿದಳು.

"ಈಗ ಸ್ವಲ್ಪ ಹಿಂದಕ್ಕೆ."

ಹಿಂದಕ್ಕೆ ತಳ್ಳಿದಳು. ಏನು ಮಾಡಿದರೂ ಮಡ್‌ಗಾರ್ಡ್ ಕೂರಲೊಲ್ಲದು. ಬಲಗಡೆಯ ಮುಂದಿನ ಚಕ್ರದ ಮೇಲೆ ಕಮಾನಿನಂತೆ ಬಾಗಿ, ಬಾಲವನ್ನು ಬಾಗಿಲಿನವರೆಗೂ ಚಾಚಿ, ಕಾರಿಗೆ ಅಂಟಿಕೊಳ್ಳಬೇಕಾದ ಮಡ್‌ಗಾರ್ಡ್ ಅದು. ಈಗ ಟೂ ಬಿಟ್ಟ ಗೆಳತಿಯ ಹಾಗೆ ಕಾರಿಗೆ ಬೆನ್ನು ಹಾಕಿ ನಿಂತಿತ್ತು. ಬೋಲ್ಟು ಹಾಕುವ ಅಂಚು ಕಾರಿನ ಕಡೆಗಿರುವ ಬದಲು ಹೊರಗಡೆಗಿತ್ತು.

ಅಪ್ಪ ಅದನ್ನು ಹಿಂದುಮುಂದು ತಿರುಗಿಸಿದ. ಅಂಚು ಕಾರಿನ ಕಡೆಗೆ ಬಂತು, ಆದರೆ ಬಾಲ ಮುಂದಕ್ಕೆ ಹೋಯಿತು. ತಲೆಕೆಳಗು ಮಾಡಿದ. ಮಡ್‌ಗಾರ್ಡ್ ಹೋಗಿ ತೊಟ್ಟಿಲಾಯಿತು.

ಕೊನೆಗೆ ಅಪ್ಪ ಅದನ್ನು ಬೆಂಚಿನ ಮೇಲಿಟ್ಟು, ಕಾರಿನ ಆ ಕಡೆಗೆ ನಡೆದು ಹೋದ. ಅಲ್ಲಿ ಎಡಗಡೆಯ ಮಡ್‌ಗಾರ್ಡ್ ಹೋದ ವಾರವೇ ಅಚ್ಚುಕಟ್ಟಾಗಿ ಕೂತಿತ್ತು. ಅದನ್ನು ನೋಡಿದ. ಬೆಂಚಿನ ಮೇಲಿದ್ದುದನ್ನು ನೋಡಿದ. ಮತ್ತೆ ಅದನ್ನು ನೋಡಿದ.

"ಎರಡೂ ಎಡಗಡೆಯವೇ," ಅಂದ ಮೆಲ್ಲಗೆ.

ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಅಮ್ಮ ಕಾರಿನ ಸೀಟಿಗೆ ಕವರ್ ಹೊಲಿಯುತ್ತಿದ್ದಳು. ಹೊಲಿಗೆ ಮೆಷಿನ್ ನಿಲ್ಲಿಸಿ, ಬಾಯಲ್ಲಿದ್ದ ದಾರ ತೆಗೆದು, ಎದ್ದು ಬಂದಳು.

"ಎಡಗಾಲಿಗೇ ಎರಡು ಬೂಟು ತಂದ ಹಾಗಾಯ್ತಲ್ರೀ," ಎಂದು ನಕ್ಕಳು. ಆಮೇಲೆ ಅಪ್ಪನ ಮುಖ ನೋಡಿ ನಗುವನ್ನು ಅಲ್ಲೇ ನುಂಗಿಕೊಂಡಳು.

ಅಪ್ಪನದು ಟಿಂಕರಿಂಗ್ ಕೆಲಸ. ಗೋಡೆಗೆ ಗುದ್ದಿದ ಕಾರು, ಕಂಬಕ್ಕೆ ಉಜ್ಜಿಕೊಂಡ ಕಾರು, ಗೇಟಿಗೆ ಮುತ್ತು ಕೊಟ್ಟ ಕಾರು, ಎಲ್ಲವೂ ಅವನ ಶೆಡ್ಡಿಗೆ ಕುಂಟುತ್ತಾ ಬಂದು ನೆಟ್ಟಗಾಗಿ ಹೋಗುತ್ತಿದ್ದವು. ಹದಿನೆಂಟು ವರ್ಷದಿಂದ ಅವನು ಬೇರೆಯವರು ಮಾಡಿದ ಕಾರುಗಳ ಡೊಂಕು ತಿದ್ದುತ್ತಿದ್ದ. ಆದರೆ ಒಂದು ಕಾರಿನ ಮೈಯನ್ನು ಬರೀ ತಗಡಿನಿಂದ ಶುರುಮಾಡಿ ತಾನೇ ಕಟ್ಟಿರಲಿಲ್ಲ. ಆ ಆಸೆ ಮಾತ್ರ ಅಷ್ಟೂ ವರ್ಷ ಹೊಟ್ಟೆಯೊಳಗೇ ಇತ್ತು.

ಮೂರು ತಿಂಗಳ ಹಿಂದೆ ಹಲ್ಲಿನ ಡಾಕ್ಟರಮ್ಮ ಬಂದು ಆ ಆಸೆಯನ್ನು ಎಬ್ಬಿಸಿದ್ದರು. "ನನಗೆ ಹಳೇ ಕಾಲದ ಕಾರು ಬೇಕು. ಆದರೆ ಅದು ದಾರೀಲಿ ಕೆಟ್ಟು ನಿಲ್ಲಬಾರದು," ಅಂದಿದ್ದರು. "ಇಂಜಿನ್, ಚಾಸಿ, ಚಕ್ರ ಎಲ್ಲ ಹೊಸದೇ ಕೊಡಿಸ್ತೀನಿ. ಮೇಲಿನ ಮೈ ನೀವು ಕೈಯಲ್ಲೇ ಮಾಡಿ. ಉದ್ದ ಮೂಗು, ದುಂಡು ದೀಪ, ಅಲೆ ಥರ ಮಡ್‌ಗಾರ್ಡ್. ಆಗುತ್ತಾ?"

"ಆಗುತ್ತೆ," ಅಂದಿದ್ದ ಅಪ್ಪ. ಅಂದವನು ಅವತ್ತು ಊಟ ಮಾಡುವುದನ್ನೂ ಮರೆತಿದ್ದ.

ಅವತ್ತಿನಿಂದ ಐದನೇ ಕ್ಲಾಸಿನ ಮಗಳೂ ಶೆಡ್ಡಿನಲ್ಲೇ ಠಿಕಾಣಿ ಹೂಡಿದಳು. ಸ್ಕೂಲಿಂದ ಬಂದವಳೇ ಬ್ಯಾಗನ್ನು ಒಂದು ಕಡೆ ಎಸೆದು, "ಇದ್ಯಾಕೆ ಹೀಗೆ? ಅದ್ಯಾಕೆ ಹಾಗೆ? ಇವತ್ತು ಏನೇನಾಯ್ತು?" ಎಂದು ವಿಚಾರಣೆ ಶುರು ಮಾಡುತ್ತಿದ್ದಳು. ಅದಕ್ಕೇ ಅಪ್ಪ ಅವಳಿಗೆ ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟಿದ್ದ. ಇನ್ಸ್‌ಪೆಕ್ಟರಿಗೆ ಒಂದು ನಿಜವಾದ ಕೆಲಸವೂ ಸಿಕ್ಕಿತ್ತು. ಅದು ಗೆರೆ ಹಾಕುವ ಕೆಲಸ.

ಅಪ್ಪ ಮೊದಲು ಮಡ್‌ಗಾರ್ಡಿನ ಆಕಾರವನ್ನು ರಟ್ಟಿನಲ್ಲಿ ಕತ್ತರಿಸುತ್ತಿದ್ದ. ಎಲ್ಲಿ ಹೆಚ್ಚು ಬಡಿಯಬೇಕು, ಎಲ್ಲಿ ಅಂಚು ಮಡಿಸಬೇಕು ಅನ್ನುವುದಕ್ಕೆ ರಟ್ಟಿನಲ್ಲಿ ಉದ್ದುದ್ದ ತೂತುಗಳಿರುತ್ತಿದ್ದವು. ಇನ್ಸ್‌ಪೆಕ್ಟರ್ ಆ ರಟ್ಟನ್ನು ಅಲ್ಯೂಮಿನಿಯಂ ತಗಡಿನ ಮೇಲಿಟ್ಟು, ಸುತ್ತಲೂ, ತೂತುಗಳ ಒಳಗೂ ಮಾರ್ಕರ್ ಆಡಿಸಬೇಕು. ಎಡಕ್ಕೆ ಒಂದು ಸಲ. ಆಮೇಲೆ ರಟ್ಟನ್ನು ದೋಸೆಯ ಹಾಗೆ ಮಗುಚಿ, ಬಲಕ್ಕೆ ಇನ್ನೊಂದು ಸಲ. ಗೆರೆ ಇರುವ ಮಗ್ಗುಲು ಯಾವಾಗಲೂ ಮಡ್‌ಗಾರ್ಡಿನ ಒಳಗಡೆ. ಅಪ್ಪ ತಗಡನ್ನು ಮರಳಿನ ಚೀಲದ ಮೇಲಿಟ್ಟು, ಆ ಗೆರೆ ಹಿಡಿದು ಮರದ ಕೊಡತಿಯಿಂದ ಬಡಿಯುತ್ತಾ ಹೋದರೆ, ಚಪ್ಪಟೆ ತಗಡು ನಿಧಾನವಾಗಿ ಹೊಟ್ಟೆ ಬಿಟ್ಟುಕೊಂಡು ಮಡ್‌ಗಾರ್ಡ್ ಆಗುತ್ತಿತ್ತು.

ಈಗ ಬೆಂಚಿನ ಮೇಲೆ ಅಂಗಾತ ಬಿದ್ದಿದ್ದ ಮಡ್‌ಗಾರ್ಡಿನೊಳಗೆ ಇನ್ಸ್‌ಪೆಕ್ಟರ್ ಇಣುಕಿದಳು. ಅವಳು ಹಾಕಿದ ಗೆರೆಗಳು ಅಲ್ಲಲ್ಲಿ ಇನ್ನೂ ಉಳಿದಿದ್ದವು. ಮೂಲೆಯಲ್ಲಿ ಅವಳದೇ ಅಕ್ಷರದಲ್ಲಿ '2' ಎಂದು ಬರೆದಿತ್ತು.

ಆ ಗೆರೆ ಹಾಕಿದ ದಿನ ಅವಳಿಗೆ ನೆನಪಾಯಿತು.

ಅವತ್ತು ಸ್ಕೂಲಿಗೆ ಹೊರಡುವ ಮೊದಲು ಗೆರೆ ಹಾಕಿದ್ದಳು. ಕ್ಲಾಸಿನ ಗ್ರೂಪ್ ಫೋಟೋ ಇತ್ತು, ಇಸ್ತ್ರಿ ಮಾಡಿದ ಬಿಳಿ ಯೂನಿಫಾರ್ಮ್ ಹಾಕಿಕೊಂಡಿದ್ದಳು. ರಟ್ಟಿನ ಒಂದು ಮಗ್ಗುಲಿಗೆ ಗ್ರೀಸ್ ಮೆತ್ತಿಕೊಂಡಿತ್ತು. ಮಗುಚಿದರೆ ಗ್ರೀಸ್ ಮೇಲೆ ಬರುತ್ತದೆ, ಬಗ್ಗಿ ಗೆರೆ ಎಳೆದರೆ ಯೂನಿಫಾರ್ಮಿಗೆ ಹತ್ತುತ್ತದೆ. ಆಕಾರ ಹೇಗಿದ್ದರೂ ಒಂದೇ ತಾನೇ ಅಂದುಕೊಂಡು, ಮಗುಚದೇ ಎರಡನೆಯ ತಗಡಿಗೂ ಗೆರೆ ಹಾಕಿ ಓಡಿದ್ದಳು. ಫೋಟೋ ಏನೋ ಚೆನ್ನಾಗಿ ಬಂದಿತ್ತು.

"ನಾಲ್ಕು ದಿನ ಬಡಿದೆ," ಅಪ್ಪ ಅಮ್ಮನಿಗೆ ಹೇಳುತ್ತಿದ್ದ. "ಪ್ರತಿಯೊಂದು ಬಾಗನ್ನೂ ಅಳತೆ ಹಿಡಿದು ನೋಡಿದೆ. ಎಲ್ಲ ಸರಿಯಾಗೇ ಇತ್ತು. ಯಾವ ಕಡೆಯದು ಅನ್ನೋದೇ ಗೊತ್ತಾಗಲಿಲ್ಲ ಅಂದ್ರೆ ಏನು ಹೇಳೋದು."

"ಇನ್ನೊಂದು ಮಾಡಿದ್ರಾಯ್ತು ಬಿಡಿ."

"ಅದಲ್ಲ ಕಣೆ. ಕಣ್ಣೇ ಕೈಕೊಟ್ಟ ಮೇಲೆ ಏನು ಮಾಡ್ತಿ? ನಾಳೆ ಡಾಕ್ಟರಮ್ಮ ನೋಡೋಕೆ ಬರ್ತಾರಲ್ಲ, ಹೇಳಿಬಿಡ್ತೀನಿ. ಉಳಿದಿದ್ದನ್ನ ಯಾವುದಾದ್ರೂ ದೊಡ್ಡ ಗ್ಯಾರೇಜಿಗೆ ಕೊಡಲಿ. ನಾನು ಡೊಂಕು ತಿದ್ದೋನು, ತಿದ್ದಿಕೊಂಡೇ ಇರ್ತೀನಿ."

ತಪ್ಪು ಯಾರದೆಂದು ಇನ್ಸ್‌ಪೆಕ್ಟರಿಗೆ ಗೊತ್ತಿತ್ತು. ಹೇಳಿದರೆ ಮಾರ್ಕರ್ ಹೋಯಿತು, ಶೆಡ್ ಹೋಯಿತು, ಇನ್ಸ್‌ಪೆಕ್ಟರ್ ಎನ್ನುವ ಹೆಸರೂ ಹೋಯಿತು. ಆಮೇಲೆ ಹೇಳೋಣ ಅಂದುಕೊಂಡಳು. ಈ 'ಆಮೇಲೆ' ಅನ್ನುವುದು ಬಹಳ ಹಿತವಾದ ಮಾತು, ಹೇಳಿಕೊಂಡ ಕೂಡಲೇ ಅರ್ಧ ಕೆಲಸ ಮುಗಿದಂತೆ ಅನ್ನಿಸುತ್ತದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಅನ್ನವನ್ನು ತಟ್ಟೆಯ ಆ ಅಂಚಿಗೂ ಈ ಅಂಚಿಗೂ ತಳ್ಳುತ್ತಿದ್ದಳು. ಅಪ್ಪನೂ ಅನ್ನವನ್ನು ಕಲಸುತ್ತಲೇ ಇದ್ದ. ಊಟ ಮುಗಿದು ಅಮ್ಮ ಪಾತ್ರೆ ತೊಳೆಯುವಾಗ ಅವಳು ಮೆಲ್ಲಗೆ ಶೆಡ್ಡಿಗೆ ಜಾರಿಕೊಂಡಳು. ಕೈಯಲ್ಲಿ ಹಳೇ ಬಟ್ಟೆ, ಥಿನ್ನರ್ ಬಾಟಲಿ. ಮಾರ್ಕರ್ ಗೆರೆಗೆ ಥಿನ್ನರ್ ತಾಗಿದರೆ ಸಾಕು, ಗೆರೆ ಇತ್ತು ಅನ್ನುವುದಕ್ಕೇ ಗುರುತಿರುವುದಿಲ್ಲ.

ಮೊದಲು '2' ಅನ್ನು ಒರೆಸಿದಳು. ಒಂದೇ ಉಜ್ಜಿಗೆ ಹೋಯಿತು.

ಗೆರೆಗೆ ಕೈ ಹಾಕಬೇಕು ಅನ್ನುವಷ್ಟರಲ್ಲಿ ಗೋಡೆ ಯಾಕೋ ಬೋಳುಬೋಳಾಗಿ ಕಂಡಿತು. ಅಲ್ಲಿ ಸಾಲಾಗಿ ನೇತಾಡುತ್ತಿದ್ದ ಕೊಡತಿಗಳು ಇರಲಿಲ್ಲ. ಒಂಬತ್ತು ಮೊಳೆಗಳು ಮಾತ್ರ ಇದ್ದವು. ಈ ಕಾರಿಗೆಂದೇ ಅಪ್ಪ ಸಂಜೆ ಹೊತ್ತು ಕೂತು ಮರ ಕೆತ್ತಿ, ಉಜ್ಜಿ, ಎಣ್ಣೆ ಸವರಿ ಮಾಡಿಕೊಂಡ ಕೊಡತಿಗಳು ಅವು. ಈಗ ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ತಳ್ಳಿದ್ದ. ಪಕ್ಕದಲ್ಲೇ ಮರಳಿನ ಚೀಲವೂ ಇತ್ತು. ಬೆಂಚಿನ ಮೇಲೆ ಡೆಂಟ್ ತೆಗೆಯುವ ಹಳೇ ಸುತ್ತಿಗೆಗಳು ಬಂದು ಕೂತಿದ್ದವು.

ಇನ್ಸ್‌ಪೆಕ್ಟರಿಗೆ ಅಳು ಬಂತು. ಬಾಟಲಿಯ ಮುಚ್ಚಳ ತಿರುಗಿಸಿ ಭದ್ರ ಮಾಡಿದಳು. ಮೂಲೆಯಲ್ಲಿದ್ದ ರಟ್ಟನ್ನು ಎತ್ತಿಕೊಂಡಳು. ಗ್ರೀಸ್ ಅಂಗೈಗೂ ಹತ್ತಿತು, ಫ್ರಾಕಿಗೂ ಹತ್ತಿತು. ಹತ್ತಲಿ ಅಂದುಕೊಂಡಳು.

ಅಪ್ಪ ಮನೆಯ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದ.

"ಅಪ್ಪಾ, ನಿನ್ನ ಕಣ್ಣು ಸರಿಯಾಗೇ ಇದೆ," ಅಂದಳು.

"ಏನು?"

"ಕಣ್ಣು ಸರಿಯಾಗಿದೆ. ನಾನೇ ರಟ್ಟು ಮಗುಚಲಿಲ್ಲ. ಈ ಕಡೆ ಗ್ರೀಸ್ ಇತ್ತು. ಅವತ್ತು ಫೋಟೋ ಇತ್ತಲ್ಲ, ಯೂನಿಫಾರ್ಮ್ ಹಾಳಾಗುತ್ತೆ ಅಂತ ಮಗುಚದೇ ಹಾಗೇ ಬರೆದೆ. ನೀನು ಗೆರೆ ಇದ್ದ ಹಾಗೇ ಬಡಿದಿದ್ದೀಯ. ಅದಕ್ಕೇ ಎರಡೂ ಎಡ ಆಯ್ತು."

ಒಂದೇ ಉಸಿರಿಗೆ ಹೇಳಿ ಮುಗಿಸಿ, ರಟ್ಟನ್ನು ಮುಂದೆ ಹಿಡಿದು ನಿಂತಳು. ಅಪ್ಪ ರಟ್ಟನ್ನು ಈ ಕಡೆ, ಆ ಕಡೆ ತಿರುಗಿಸಿ ನೋಡಿದ. ಆಮೇಲೆ ಮೂಗರಳಿಸಿದ.

"ಇದೇನು ಥಿನ್ನರ್ ವಾಸನೆ?"

"ಅಳಿಸೋಕೆ ಹೋಗಿದ್ದೆ." ಅವಳು ಅಂಗೈಯ ಗ್ರೀಸನ್ನು ಫ್ರಾಕಿಗೆ ಒರೆಸಿಕೊಂಡಳು. "ಎರಡನೇ ನಂಬರ್ ಮಾತ್ರ ಅಳಿಸಿದ್ದೀನಿ."

"ಗೆರೆ ತಪ್ಪಿದ್ದು ಒಂದು ತಪ್ಪು. ಅಳಿಸೋಕೆ ಹೋಗಿದ್ದು ಅದಕ್ಕಿಂತ ದೊಡ್ಡದು."

"ಗೊತ್ತು."

ಅಪ್ಪ ಎದ್ದು ಶೆಡ್ಡಿಗೆ ನಡೆದ. ಬೈಯುತ್ತಾನೋ ಇಲ್ಲವೋ ತಿಳಿಯದೆ ಅವಳು ಹಿಂದೆಯೇ ಹೋದಳು. ಅವನು ಎಡಗಡೆಯ ಮಡ್‌ಗಾರ್ಡಿನ ಬೋಲ್ಟು ಬಿಚ್ಚತೊಡಗಿದ. ಕೈ ಚಾಚಿದ. ಅವಳು ಸ್ಪ್ಯಾನರ್ ಕೊಟ್ಟಳು. ಬಿಚ್ಚಿದ ಮಡ್‌ಗಾರ್ಡನ್ನು ತಂದು, ಬೆಂಚಿನ ಮೇಲಿದ್ದುದನ್ನು ಬೋರಲು ಹಾಕಿ ಅದರ ಮೇಲೆ ನಿಧಾನವಾಗಿ ಇಳಿಸಿದ. ಒಂದರ ಮೇಲೊಂದು ಬೋಗುಣಿ ಇಟ್ಟಂತೆ ಕೂತುಬಿಟ್ಟವು.

"ನಿನ್ನ ನೋಟ್‌ಬುಕ್ಕಿಂದ ಒಂದು ಹಾಳೆ ತಗೊಂಡು ಬಾ."

ತಂದಳು. ಅಪ್ಪ ಹಾಳೆಯನ್ನು ಎರಡರ ಅಂಚಿನ ನಡುವೆ ತೂರಿಸಲು ನೋಡಿದ. ಹೋಗಲಿಲ್ಲ. ಬಾಲದ ಹತ್ತಿರ ನೋಡಿದ. ಅಲ್ಲೂ ಹೋಗಲಿಲ್ಲ. ಸುತ್ತಲೂ ನೋಡುತ್ತಾ ಬಂದ. ಹಾಳೆ ಮುದುಡಿತೇ ಹೊರತು ಎಲ್ಲೂ ಒಳಗೆ ನುಗ್ಗಲಿಲ್ಲ.

ಅಪ್ಪ ಬಗ್ಗಿದವನು ನೆಟ್ಟಗಾದ. ಅವನ ಮುಖದಲ್ಲಿ ನಗು ಎಲ್ಲಿಂದಲೋ ಏಳುತ್ತಿತ್ತು.

"ಲೇ ಇನ್ಸ್‌ಪೆಕ್ಟರ್, ನೋಡು ಇಲ್ಲಿ. ಒಂದೇ ಥರ ಬಂದಿವೆ. ಎರಡೂ ಒಂದೇ ಥರ." ಅವನು ಒಳಗಡೆಗೆ ಕೂಗಿದ, "ಲೇ, ಇಲ್ಲಿ ಬಾರೆ!"

ಅಮ್ಮ ಒದ್ದೆ ಕೈಯಲ್ಲೇ ಬಂದಳು.

"ಮೆಷಿನ್ ಆದ್ರೆ ಒಂದೇ ಥರ ಸಾವಿರ ಒತ್ತುತ್ತೆ," ಅಪ್ಪ ಹೇಳಿದ. "ಕೈಯಲ್ಲಿ ಬಡಿಯೋನಿಗೆ ಎರಡು ಒಂದೇ ಥರ ಬರೋದೇ ಕಷ್ಟ. ಒಂದರ ಹೊಟ್ಟೆ ಬೆರಳಷ್ಟು ಉಬ್ಬಿದರೂ ಇಡೀ ಕಾರು ಮೆಳ್ಳೆಗಣ್ಣು ಬಿಟ್ಟ ಹಾಗೆ ಕಾಣುತ್ತೆ. ಮೂರು ತಿಂಗಳಿಂದ ನಾನು ಹೆದರಿಕೊಂಡಿದ್ದೇ ಅದಕ್ಕೆ. ನನ್ನ ಕೈಗೆ ಅದು ಬರುತ್ತೋ ಇಲ್ವೋ ಅಂತ."

"ಬಂತಲ್ಲ," ಅಂದಳು ಅಮ್ಮ.

"ಬಂತು. ಎರಡೂ ಎಡವಾಗಿ ಬಂತು, ಅಷ್ಟೇ."

ಮೂವರೂ ನಕ್ಕರು. ಅಮ್ಮನಂತೂ ಬೆಳಿಗ್ಗೆ ನುಂಗಿಕೊಂಡಿದ್ದನ್ನೂ ಸೇರಿಸಿ ನಕ್ಕಳು. ಅಪ್ಪ ಏಣಿ ಹತ್ತಿ ಗೋಣಿಚೀಲ ಇಳಿಸಿದ. ಒಂಬತ್ತು ಕೊಡತಿಗಳೂ ಮೊಳೆಗಳಿಗೆ ವಾಪಸ್ ಬಂದವು.

ಮರುದಿನ ಡಾಕ್ಟರಮ್ಮ ಬಂದಾಗ ಅಪ್ಪ ಏನನ್ನೂ ಮುಚ್ಚಿಡಲಿಲ್ಲ. ಎರಡು ಮಡ್‌ಗಾರ್ಡನ್ನೂ ಮುಂದಿಟ್ಟು, "ಬಲಗಡೆಯದು ಇನ್ನೊಮ್ಮೆ ಮಾಡಬೇಕು ಡಾಕ್ಟ್ರೇ. ಒಂದು ವಾರ ತಡ ಆಗುತ್ತೆ," ಅಂದ. "ಗೆರೆ ತಪ್ಪಿತ್ತು. ನಾನೂ ನೋಡಿಕೊಳ್ಳದೇ ಬಡಿದೆ."

"ಗೆರೆ ಹಾಕಿದ್ದು ನಾನು," ಎಂದಳು ಇನ್ಸ್‌ಪೆಕ್ಟರ್, ಯಾರೂ ಕೇಳದಿದ್ದರೂ.

ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಅವಳನ್ನು ನೋಡಿದರು. "ಸದ್ಯ, ನೀವಿಬ್ಬರೂ ಹಲ್ಲು ಕೀಳೋ ಕೆಲಸಕ್ಕೆ ಬರಲಿಲ್ಲ," ಅಂದರು. "ಎಡಗಡೆ ಹಲ್ಲಿನ ಬದಲು ಬಲಗಡೆಯದು ಕಿತ್ತಿದ್ರೆ ಏನು ಮಾಡೋದು? ತಗಡಾದ್ರೆ ಇನ್ನೊಂದು ತರಬಹುದು. ನಿಧಾನವಾಗಿ ಮಾಡಿ, ನನಗೇನೂ ಆತುರ ಇಲ್ಲ."

ಹೋಗುವ ಮೊದಲು ಅವರು ಸೀಟಿಲ್ಲದ ಕಾರಿನಲ್ಲಿ ಒಂದು ಪೆಟ್ಟಿಗೆಯ ಮೇಲೆ ಕೂತು, ಸ್ಟೀರಿಂಗ್ ಹಿಡಿದು, ಬಾಯಲ್ಲೇ "ಪೋಂ ಪೋಂ" ಎಂದು ಹಾರ್ನ್ ಮಾಡಿದರು. ಯಾರೂ ನೋಡಲಿಲ್ಲ ಅಂದುಕೊಂಡಿದ್ದರು. ಇನ್ಸ್‌ಪೆಕ್ಟರ್ ನೋಡಿದ್ದಳು.

ಅವರು ಹೋದ ಮೇಲೆ ಅಪ್ಪ ಹೊಸ ತಗಡನ್ನು ಬೆಂಚಿನ ಮೇಲೆ ಹಾಸಿದ. ಗ್ರೀಸ್ ಒರೆಸಿದ ರಟ್ಟನ್ನೂ ಮಾರ್ಕರನ್ನೂ ತಂದು ಮಗಳ ಮುಂದಿಟ್ಟ.

"ನಾನಾ?" ಅಂದಳು ಅವಳು.

"ಮತ್ತಿನ್ಯಾರು? ಡಾಕ್ಟರಮ್ಮ ಬಂದು ಹಾಕ್ತಾರಾ?"

ಅವಳು ರಟ್ಟನ್ನು ಮಗುಚಿ ಇಟ್ಟಳು. ಜಾರದ ಹಾಗೆ ನಾಲ್ಕು ಕಡೆ ಭಾರ ಹೇರಿದಳು. ಉಸಿರು ಬಿಗಿಹಿಡಿದು ಒಂದೊಂದೇ ಗೆರೆ ಎಳೆದಳು. ಮುಗಿಸಿ ಪಕ್ಕಕ್ಕೆ ಸರಿದಳು.

ಅಪ್ಪ ಕೊಡತಿ ಎತ್ತಿಕೊಳ್ಳಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು, ಬೆರಳನ್ನು ಮೊದಲ ಗೆರೆಯ ಮೇಲಿಟ್ಟು, ಈ ತುದಿಯಿಂದ ಆ ತುದಿಯವರೆಗೆ ನಡೆಸಿದ. ಆಮೇಲೆ ಎರಡನೆಯದು. ಆಮೇಲೆ ಮೂರನೆಯದು. ಒಂದು ಕಡೆ ನಿಂತು, "ಇಲ್ಲಿ ಕೂದಲೆಳೆಯಷ್ಟು ಆಚೆ ಹೋಗಿದೆ," ಅಂದ. ಅವಳು ಸರಿಮಾಡಿದಳು. ಅಪ್ಪ ಮತ್ತೆ ಮೊದಲಿನಿಂದ ಶುರು ಮಾಡಿದ.

ಎಷ್ಟು ಹೊತ್ತಾದರೂ ಮುಗಿಯುವಂತೆ ಕಾಣಲಿಲ್ಲ. "ನನ್ನ ಮೇಲೆ ನಂಬಿಕೆ ಹೋಯ್ತಾ?" ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂತು. ಕಣ್ಣೂ ತುಂಬಿಕೊಂಡಿತು. ಅಷ್ಟರಲ್ಲಿ ಅವಳ ಕಣ್ಣು ಅಪ್ಪನ ಕೈಯ ಮೇಲೆ ಬಿತ್ತು. ಕಾರಿನ ಬಾನೆಟ್ ಮಾಡಿದಾಗಲೂ ಆ ಕೈ ಹೀಗೇ ಹೋಗಿ ಬಂದಿತ್ತು. ಹೋಗಿದ್ದು, ಬಂದಿದ್ದು, ಕಣ್ಣು ಮುಚ್ಚಿ ಸವರಿದ್ದು, ಇಪ್ಪತ್ತು ಸಲವಾದರೂ ಆಗಿತ್ತು. ಆ ಬಾನೆಟ್ಟನ್ನು ಪೂರ್ತಿ ಅಪ್ಪನೊಬ್ಬನೇ ಮಾಡಿದ್ದ.

ನಾಲಿಗೆಯ ತುದಿಯಲ್ಲಿದ್ದ ಮಾತು ಹಾಗೇ ಒಳಗೆ ಹೋಯಿತು. ಅವಳು ಮೇಜಿನ ದೀಪವನ್ನು ಅಪ್ಪನ ಹತ್ತಿರಕ್ಕೆ ಎಳೆದಳು.

"ಬಾಲದ ಹತ್ತಿರ ಇನ್ನೊಂದು ಸಲ ನೋಡು ಅಪ್ಪಾ," ಅಂದಳು. "ಅಲ್ಲಿ ನನ್ನ ಕೈ ಸ್ವಲ್ಪ ನಡುಗಿತ್ತು."