ಅವಳು ಹುಟ್ಟಿದ ವರ್ಷದ ವೈನ್

"ಅಯ್ಯೋ ದೇವರೇ... ಗುಡಾಣ ಹಾಡ್ತಿದೆ!"

ಮೇಲಿನಿಂದ ಕೇಳಿದ ಗಂಡು ದನಿಗೆ ಎಲಿಸೊ ಬೆಚ್ಚಿ ತಲೆಯೆತ್ತಿದಳು. ನೆಲದಲ್ಲಿ ಕುತ್ತಿಗೆಯವರೆಗೆ ಹೂತಿದ್ದ ದೊಡ್ಡ ಮಣ್ಣಿನ ಗುಡಾಣದೊಳಗೆ ಅವಳು ಹಾಡುತ್ತ, ಅದನ್ನು ಉಜ್ಜಿ ತೊಳೆಯುತ್ತ ನಿಂತಿದ್ದಳು. ಕೈಯಲ್ಲಿ ಚೆರಿ ತೊಗಟೆಯ ಬ್ರಷ್, ಮೈತುಂಬ ಹಳೆಯ ವೈನಿನ ಗಸಿ. ತಲೆಯ ಮೇಲೆ ದುಂಡಗಿನ ಬೆಳಕು... ಆ ಬೆಳಕಿನ ನಡುವೆ ಒಂದು ಅಪರಿಚಿತ ಮುಖ.

"ಯಾರ್ ನೀನು? ಇಲ್ಲಿಗ್ಯಾಕ್ ಬಂದೆ?"

"ತೆಂಗಿಜ್ ಮಾವನ್ನ ನೋಡೋಕೆ ಬಂದೆ. ಅವರ ಗುಡಾಣಕ್ಕೂ ಬಾಯಿ ಇದೆ ಅಂತ ಗೊತ್ತಿರ್ಲಿಲ್ಲ!"

"ಹಲ್ಲು ಬಿಡೋದು ಸಾಕು. ಏಣಿ ಹಿಡ್ಕೊ."

ಅವನು ಏಣಿ ಹಿಡಿದ. ಕೊನೆಯ ಮೆಟ್ಟಿಲಲ್ಲಿ ಅವಳ ಕಾಲು ಜಾರಿತು. ಅವನು ಥಟ್ಟನೆ ರಟ್ಟೆ ಹಿಡಿದು ಮೇಲಕ್ಕೆ ಸೆಳೆದುಕೊಂಡ. ಅವನ ಬಿಳಿ ಅಂಗಿಯ ತುಂಬ ಕೆಂಪು ಗಸಿ! ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಹಾಗೇ ನಿಂತರು.

"ಯಾವೂರು?" ಅವಳೇ ಮೊದಲು ಕೈ ಬಿಡಿಸಿಕೊಂಡಳು.

"ಪಡುವಣದ ಇಮೆರೇತಿ ಸೀಮೆ. ಹೆಸರು ರೆವಾಜ್. ಅಜ್ಜಿಯ ತೋಟ ನಿಮ್ಮೂರಲ್ಲೇ ಇದೆ, ಇನ್ಮೇಲೆ ನಾನೇ ನೋಡ್ಕೋತೀನಿ."

"ಓಹೋ, ಇಮೆರೇತಿಯೋರಾ! ನಿಮ್ ಕಡೆ ನೀರಿಗೇ ವೈನ್ ಅಂತಾರಂತೆ?"

"ನಿಮ್ ಕಾಖೇತಿಲಿ ಚೆಂದದ ಹುಡುಗೀರ್ನ ಗುಡಾಣದಲ್ಲಿ ಬಚ್ಚಿಡ್ತಾರಂತೆ. ಇವತ್ತು ಕಣ್ಣಾರೆ ನೋಡ್ದೆ."

ಎಲಿಸೊ ಬಕೆಟ್ಟಿನ ನೀರೆತ್ತಿ ಅವನ ಕಾಲಿಗೆ ಸುರಿದಳು. ಆದರೆ ಅವನು ಹೋದ ಮೇಲೂ ರಟ್ಟೆಯ ಮೇಲೆ ಅವನ ಬೆರಳುಗಳ ಬಿಸಿ ಉಳಿದೇ ಇತ್ತು...

ಆ ಶರತ್ಕಾಲ ಕಳೆಯುವ ಹೊತ್ತಿಗೆ ಊರಿಗೆಲ್ಲ ವಿಷಯ ಗೊತ್ತಾಗಿತ್ತು. ರೆವಾಜ್ ದ್ರಾಕ್ಷಿ ತುಳಿಯುವಾಗ ಎಲಿಸೊ ಅವನ ಅಂಗಳದಲ್ಲಿ, ಎಲಿಸೊ ಗೊಂಚಲು ಕತ್ತರಿಸುವಾಗ ರೆವಾಜ್ ಅವಳ ತೋಟದಲ್ಲಿ! ತಾಯಿಯಿಲ್ಲದ ಮಗಳು ನಗುವುದನ್ನು ಕಂಡು ತೆಂಗಿಜ್ ಒಳಗೊಳಗೇ ಹಿಗ್ಗುತ್ತಿದ್ದ.

ಆದರೆ ಅಪ್ಪ ಮಗಳ ನಡುವೆ ಒಂದು ಗುಟ್ಟಿತ್ತು. ರೆವಾಜ್‌ಗೂ ಅದು ಗೊತ್ತಿರಲಿಲ್ಲ.

ತೆಂಗಿಜ್ ಆ ಕಣಿವೆಗೇ ಹೆಸರಾದ ವೈನುಗಾರ. ಊರಿನ ಹಬ್ಬದೂಟಗಳಲ್ಲಿ ಲೋಟವೆತ್ತಿ ಹಾರೈಕೆ ನುಡಿಯುವ ಹಿರಿಯನೂ ಅವನೇ. ಕೆಲವು ವರ್ಷಗಳ ಹಿಂದೆ ಬಂದ ವಿಷಮಜ್ವರ ಅವನ ಮೂಗು ನಾಲಿಗೆ ಎರಡನ್ನೂ ಕಿತ್ತುಕೊಂಡಿತ್ತು. ಗುಲಾಬಿಯೂ ಒಂದೇ, ಗೊಬ್ಬರವೂ ಒಂದೇ. ಅಂದಿನಿಂದ ಎಲಿಸೊ ವೈನ್ ಸವಿದು ಅಪ್ಪನ ಕಿವಿಯಲ್ಲಿ ಹೇಳುತ್ತಿದ್ದಳು, ಅಪ್ಪ ಅದನ್ನು ತನ್ನ ಮಾತಾಗಿ ಊರಿಗೆ ಹೇಳುತ್ತಿದ್ದ.

'ಇದು ಗೊತ್ತಾದ್ರೆ ಅಪ್ಪ ಬದುಕಲ್ಲ...' ಅವಳು ಯಾರಿಗೂ ಬಾಯಿ ಬಿಡಲಿಲ್ಲ.

ಮುಂದಿನ ವರ್ಷದ ಕೊಯ್ಲು ಮುಗಿಯುತ್ತಲೇ ನಿಶ್ಚಿತಾರ್ಥ ಎಂದಾಯಿತು. ಎಲಿಸೊ ಹುಟ್ಟಿದ ವರ್ಷ ತೆಂಗಿಜ್ ಒಂದು ಗುಡಾಣ ತುಂಬಿಸಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿದ್ದ. ಅದರ ಬಾಯಿ ತೆರೆಯುವುದು ಮಗಳ ನಿಶ್ಚಿತಾರ್ಥದ ದಿನವೇ. ಇಷ್ಟು ವರ್ಷ ಅದರ ಸುತ್ತ ಮಣ್ಣು ಬಿರಿಯದಂತೆ ನೀರು ಚಿಮುಕಿಸಿ ಕಾದಿದ್ದ.

ನಿಶ್ಚಿತಾರ್ಥದ ಹಬ್ಬದ ಬೆಳಗ್ಗೆ ಎಲಿಸೊ ಮಣ್ಣು ಕೆರೆದು, ಕಲ್ಲು ಸರಿಸಿ, ಕದ್ದು ಒಂದು ಸೌಟು ತೆಗೆದು ನೋಡಿದಳು.

ಹುಳಿ! ಗಂಟಲು ಸುಡುವ ಹುಳಿ. ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟು ಗಾಳಿ ಹೊಕ್ಕಿತ್ತು. ಇಷ್ಟು ವರ್ಷದ ಕಾಯುವಿಕೆ ವಿನೆಗರ್ ಆಗಿತ್ತು.

ಅವಳು ಕಲ್ಲನ್ನು ಮತ್ತೆ ಎಳೆದು ಮುಚ್ಚತೊಡಗಿದಳು. ಅಷ್ಟರಲ್ಲಿ ಬಾಗಿಲಲ್ಲಿ ಅಪ್ಪ...

"ರುಚಿ ನೋಡ್ಬಿಟ್ಯಾ, ಕಳ್ಳಿ? ಹೇಗಿದೆ ಮಗಳೇ? ಹೇಳು, ಹೇಳು!"

ಅವನ ಕಣ್ಣುಗಳಲ್ಲಿದ್ದ ಆಸೆಯನ್ನು ಹೇಗೆ ಕೊಲ್ಲುವುದು?

"ಜೇನು ಅಪ್ಪ..." ಎಂದಳು. "ಒಣಗಿದ ಏಪ್ರಿಕಾಟಿನ ವಾಸನೆ. ವಾಲ್ನಟ್ ಎಲೆ ಥರ..."

'ಬಂದವರು ಮರ್ಯಾದೆಗೆ ಕುಡಿದು ಸುಮ್ಮನಾಗ್ತಾರೆ. ಅಪ್ಪನ ಎದುರು ಯಾರು ಮಾತಾಡ್ತಾರೆ?' ಹಾಗೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ರೆವಾಜ್‌ಗೆ ಹೇಳಬೇಕಿತ್ತು. ಹೇಳಲಿಲ್ಲ.

ಆ ಮಧ್ಯಾಹ್ನ ವಾಲ್ನಟ್ ಮರದ ಕೆಳಗೆ ಉದ್ದನೆಯ ಮೇಜು. ದ್ರಾಕ್ಷಿ ಕಟ್ಟಿಗೆಯ ಕೆಂಡದಲ್ಲಿ ಮಾಂಸ ಬೇಯುತ್ತಿತ್ತು. ಎಲಿಸೊ ಗುಡಾಣದಿಂದ ವೈನ್ ಎತ್ತುವಾಗ ಅವಳ ಕೈ ನಡುಗಿತು. ಪಕ್ಕದಲ್ಲೇ ನಿಂತಿದ್ದ ತೆಂಗಿಜ್ ಮಗಳ ಕೈಯನ್ನೇ ಒಂದು ಕ್ಷಣ ನೋಡಿದ. ಆಮೇಲೆ ಮೇಜಿಗೆ ಬಂದು ಲೋಟವೆತ್ತಿದ.

"ನನ್ನ ಮಗಳ ಜೊತೆ ಹುಟ್ಟಿದ ವೈನು ಇದು! ಮೂಸಿ ನೋಡಿ... ಜೇನು! ಏಪ್ರಿಕಾಟು! ವಾಲ್ನಟ್ ಎಲೆ! ತಗೋ ಅಳಿಯ, ಮೊದಲ ಲೋಟ ನಿಂದು."

ರೆವಾಜ್ ಒಂದು ಗುಟುಕು ಕುಡಿದ. ಮುಖ ಬಿಳಿಚಿತು. 'ಇಷ್ಟು ದೊಡ್ಡ ವೈನುಗಾರರಿಗೆ ಇದು ತಿಳಿಯದೆ ಇರುತ್ತಾ? ನನ್ನನ್ನ ಪರೀಕ್ಷೆ ಮಾಡ್ತಿದಾರೆ...' ಗುಡಾಣದ ಬಾಯಿ ತೆರೆದ ದಿನ ಸುಳ್ಳು ಹೇಳಿದರೆ ಮುಂದಿನ ಬೆಳೆ ಕೆಡುತ್ತದೆ ಎಂದು ಅಜ್ಜಿ ಅವನಿಗೆ ಕಲಿಸಿದ್ದಳು. ಅವನು ಲೋಟ ಕೆಳಗಿಟ್ಟ.

"ಮಾವ... ಇದು ಹುಳಿಯಾಗಿದೆ. ಕುಡೀಬೇಡಿ."

ಮೇಜಿನ ದೂರದ ತುದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಹಾಗಾದ್ರೆ ಜೇನು ಎಲ್ಲಿ ಮೂಸಿದ್ಯೋ ತೆಂಗಿಜ್? ಮೂಗನ್ನ ಮನೇಲಿ ಮರೆತು ಬಂದ್ಯಾ?"

ತೆಂಗಿಜ್ ಅದೇ ಲೋಟ ತೆಗೆದುಕೊಂಡು ಪೂರ್ತಿ ಕುಡಿದ. ಮೆಲ್ಲಗೆ ಎದ್ದು ಮನೆಯೊಳಗೆ ಹೋದ. ಆ ಬೆನ್ನು ಒಂದೇ ಗಳಿಗೆಯಲ್ಲಿ ಮುದಿಯಾಗಿತ್ತು.

ಎಲಿಸೊ ರೆವಾಜ್‌ನನ್ನು ಬೇಲಿಯ ಬಳಿಗೆ ಎಳೆದೊಯ್ದಳು.

"ಒಂದು ಸುಳ್ಳು! ಒಂದೇ ಒಂದು ಸುಳ್ಳು ಹೇಳೋಕಾಗ್ಲಿಲ್ವಾ ನಿಂಗೆ? ನಮ್ಮಪ್ಪಂಗೆ ವಾಸನೆ ಗೊತ್ತಾಗಲ್ಲ ಕಣೋ! ಜ್ವರ ಬಂದಾಗಿಂದ ಏನೂ ಗೊತ್ತಾಗಲ್ಲ!"

ರೆವಾಜ್ ದಂಗಾದ. "ನಂಗೇನ್ ಗೊತ್ತು ಎಲಿಸೊ... ನೀನು ಹೇಳ್ಲೇ ಇಲ್ಲ..."

ಆ ಮಾತು ನೇರ ಎದೆಗೆ ನಾಟಿತು. ನಿಜವಾಗಿದ್ದರಿಂದಲೇ ಅದನ್ನು ತಡೆದುಕೊಳ್ಳಲಾಗಲಿಲ್ಲ. ಅವಳು ಅವನು ತೊಡಿಸಿದ್ದ ಉಂಗುರ ಕಿತ್ತು ಅವನ ಅಂಗೈಯಲ್ಲಿಟ್ಟಳು.

"ನಿನ್ನ ನಾಲಿಗೆ ದೊಡ್ಡದು. ಅದನ್ನೇ ಕಟ್ಕೊಂಡು ಬಾಳು. ಇನ್ನು ನನ್ನ ಮುಖ ನೋಡ್ಬೇಡ!"

ಆ ಚಳಿಗಾಲ ಮನೆಯಲ್ಲಿ ಮಾತೇ ಇರಲಿಲ್ಲ. ತೆಂಗಿಜ್ ಬೆಳಗಿನ ತಿಂಡಿ ಮುಗಿಸಿ ಟೋಪಿ ಹಾಕಿಕೊಂಡು ಹೊರಟರೆ ಹೊತ್ತು ಇಳಿಯುವಾಗ ವಾಪಸು. ಎಲ್ಲಿಗೆಂದು ಅವಳು ಕೇಳಲಿಲ್ಲ. 'ಊರಿನ ಕಣ್ಣು ತಪ್ಪಿಸಿ ತೋಟದಲ್ಲಿ ಒಬ್ಬನೇ ಅಲೀತಿರ್ತಾನೆ ಪಾಪ...' ಎಂದುಕೊಂಡು ಅಳುತ್ತಿದ್ದಳು. ಅಷ್ಟಷ್ಟೂ ರೆವಾಜ್‌ನನ್ನು ದ್ವೇಷಿಸುತ್ತಿದ್ದಳು. ದ್ವೇಷಿಸದಿದ್ದರೆ ಆ ಸಿಟ್ಟೆಲ್ಲ ತನ್ನ ಮೇಲೇ ತಿರುಗುತ್ತಿತ್ತಲ್ಲ!

ವಸಂತದ ಆರಂಭದಲ್ಲಿ ಬಳ್ಳಿ ಸವರುತ್ತಿದ್ದ ತೆಂಗಿಜ್ ಹಾಗೆಯೇ ಕುಸಿದುಬಿದ್ದ. ಎಲಿಸೊ ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಅಪ್ಪಾ, ನಾನು ಸುಳ್ಳು ಹೇಳ್ದೆ... ಕ್ಷಮಿಸು..." ಎಂಬ ಮಾತು ಕೇಳಲು ಕಿವಿಯೇ ಉಳಿದಿರಲಿಲ್ಲ.

ತೆಂಗಿಜ್‌ನನ್ನು ಮಣ್ಣು ಮಾಡಿದ ದಿನ ರೆವಾಜ್ ಬಂದು ಗೇಟಿನ ಹೊರಗೇ ನಿಂತಿದ್ದ. ಬರಿದಲೆ, ಕೆಂಪಗಾದ ಕಣ್ಣು. ಎಲಿಸೊ ಮುಖ ತಿರುಗಿಸಿಕೊಂಡಳು.

ಬೇಸಿಗೆ ಕಳೆದು ದ್ರಾಕ್ಷಿ ಹಣ್ಣಾಯಿತು. ನೆರೆಮನೆಯ ನಾನುಲಿ ಚಿಕ್ಕಮ್ಮ ಕೊಯ್ಲಿಗೆ ಕೈಜೋಡಿಸಲು ಬಂದಳು. ಒಂದು ಗೊಂಚಲು ಕತ್ತರಿಸುತ್ತ ನಿಟ್ಟುಸಿರಿಟ್ಟಳು.

"ಹೋದ ಚಳಿಗಾಲ ನಿಮ್ಮಪ್ಪ ನಕ್ಕಿದ್ದೇ ಕೊನೆ ನೋಡು. ಆ ಹುಡುಗನ ಅಂಗಳದಿಂದ ನಮ್ಮನೇವರೆಗೆ ಕೇಳ್ತಿತ್ತು ನಗು."

ಎಲಿಸೊಳ ಕತ್ತರಿ ನಿಂತಿತು. "ಯಾವ ಹುಡುಗ?"

"ರೆವಾಜ್ ಕಣೆ! ನಿಮ್ಮಪ್ಪ ದಿನಾ ಅಲ್ಲೇ ಇರ್ತಿದ್ನಲ್ಲ... ಅಯ್ಯೋ, ನಿಂಗೆ ಗೊತ್ತಿಲ್ವಾ?"

ಬುಟ್ಟಿ ಅಲ್ಲೇ ಬಿತ್ತು. ಅವಳು ತೋಟದ ನಡುವೆ ಓಡಿದಳು.

ರೆವಾಜ್ ತನ್ನ ವೈನ್ ಮನೆಯಲ್ಲಿ, ಹೊಸದಾಗಿ ತುಂಬಿದ ಗುಡಾಣದಲ್ಲಿ ಮೇಲೆ ತೇಲಿದ ಸಿಪ್ಪೆಯನ್ನು ಕೋಲಿನಿಂದ ಒತ್ತುತ್ತಿದ್ದ. ಅವಳನ್ನು ಕಂಡು ಕೋಲು ಕೈಯಲ್ಲೇ ಉಳಿಯಿತು.

"ನಮ್ಮಪ್ಪ ಇಲ್ಲಿಗೆ ಬರ್ತಿದ್ನಾ?"

"ಬರ್ತಿದ್ರು."

"ಯಾಕೆ? ನಿನ್ನ ಹತ್ರ ಯಾಕೆ?!"

"ಹಬ್ಬದ ಮಾರನೇ ದಿನವೇ ಬಂದ್ರು. ನಾನು ಕಾಲಿಗೆ ಬಿದ್ದೆ. 'ಏಳೋ ಪೆದ್ದ, ನಿಜ ಹೇಳೋ ನಾಲಿಗೆ ಬೇಕು ನಂಗೆ, ನಿಂದು ಕೊಡು' ಅಂದ್ರು. ನಾನು ಸವಿದು ಹೇಳ್ತಿದ್ದೆ. ಅವರು ಗುಡಾಣದ ಬಾಯಿಗೆ ಕಿವಿಯಿಟ್ಟು, ಒಳಗೆ ವೈನ್ ಕುದಿಯೋ ಸದ್ದು ಕೇಳ್ತಾ ಕೂತು, ನಂಗೆ ಎಲ್ಲಾ ಕಲಿಸಿದ್ರು..."

"ನಂಗ್ಯಾಕೆ ಹೇಳ್ಲಿಲ್ಲ?"

"ಮಾತು ತಗೊಂಡಿದ್ರು. 'ನೀನು ಕರೆಯೋಕೆ ಹೋಗ್ಬೇಡ. ಅವಳಾಗೇ ಬರ್ಲಿ' ಅಂದಿದ್ರು."

ಎಲಿಸೊ ಅವನ ಹತ್ತಿರ ಬಂದಳು. ಇಷ್ಟು ದಿನ ಎದೆಯಲ್ಲಿ ಕೊಳೆಯುತ್ತಿದ್ದುದು ತುಟಿಗೆ ಬಂತು.

"ರೆವಾಜ್... ನಂಗೆ ಮೊದಲೇ ಗೊತ್ತಿತ್ತು. ಹಬ್ಬಕ್ಕೆ ಮುಂಚೆನೇ ನಾನು ಅದನ್ನ ಕುಡಿದಿದ್ದೆ. ಜೇನು ಅಂತ ಹೇಳಿದ್ದು ನಾನು. ಅಪ್ಪನ ಮಾನ ಕಳೆದಿದ್ದು ನೀನಲ್ಲ... ನಾನು!"

ರೆವಾಜ್ ಕೋಲನ್ನು ಗೋಡೆಗೆ ಒರಗಿಸಿದ.

"ಅವರಿಗೆ ಗೊತ್ತಿತ್ತು ಎಲಿಸೊ."

"ಏನು...?"

"ನೀನು ವೈನ್ ಎತ್ತುವಾಗ ಕೈ ನಡುಗ್ತಂತೆ. 'ಅವಳ ಕೈ ನೋಡಿದ ತಕ್ಷಣ ತಿಳೀತು, ಆದ್ರೂ ಮಗಳು ಹೇಳ್ಕೊಟ್ಟ ಮಾತಲ್ವಾ, ಜೇನು ಅಂತಲೇ ಹೇಳ್ದೆ' ಅಂದ್ರು."

ಎಲಿಸೊ ನೆಲಕ್ಕೆ ಕುಸಿದಳು. ಬಾಯಿಗೆ ತಲೆವಸ್ತ್ರದ ಅಂಚು ಒತ್ತಿದರೂ ಅಳು ನಿಲ್ಲಲಿಲ್ಲ. ಅಪ್ಪ ಎಲ್ಲ ತಿಳಿದೂ ಅವಳ ಸುಳ್ಳನ್ನು ಹೊತ್ತು ನಿಂತಿದ್ದ. ಆ ಹುಳಿಯನ್ನು ಕೊನೆಯ ಹನಿಯವರೆಗೆ ಕುಡಿದಿದ್ದ. ಅವಳೊಬ್ಬಳೇ ಒಂದೂ ಮಾತಾಡದೆ ಇಡೀ ಚಳಿಗಾಲ ಕಳೆದುಬಿಟ್ಟಿದ್ದಳು...

ರೆವಾಜ್ ಅವಳ ಪಕ್ಕ, ಮುಟ್ಟದೆ, ಕುಳಿತ.

"ನಂದೂ ತಪ್ಪಿದೆ. ಕಿವೀಲಿ ಹೇಳಬಹುದಿತ್ತು. ಎಲ್ಲರ ಮುಂದೆ ಹೇಳ್ಬಿಟ್ಟೆ. ಆ ಲೋಟ ಕೆಳಗಿಟ್ಟಿದ್ದು ದಿನಾ ನೆನಪಾಗುತ್ತೆ."

ಇಬ್ಬರೂ ಅತ್ತರು. ಸತ್ತವನು ಒಬ್ಬನೇ ಆದರೂ ಕಳೆದುಕೊಂಡವರು ಇಬ್ಬರು ಎಂದು ಆ ದಿನವೇ ಅವಳಿಗೆ ತಿಳಿದದ್ದು.

ಬಿಸಿಲು ಬಾಗಿಲಿಂದ ಹಿಂದೆ ಸರಿಯಿತು. ರೆವಾಜ್ ಕಣ್ಣೊರೆಸಿಕೊಂಡು ಎದ್ದ.

"ಬೆಳಗ್ಗಿಂದ ಏನಾದ್ರೂ ತಿಂದ್ಯಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಬೀನ್ಸ್ ಬೇಯಿಸಿದೀನಿ. ರೊಟ್ಟಿ ಇದೆ. ಊಟ ಮಾಡ್ಕೊಂಡು ಹೋಗು."

ಎಲಿಸೊ ತಲೆ ತಗ್ಗಿಸಿದಳು. ದನಿ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ಊಟ ಆದ್ಮೇಲೆ... ಹೋಗ್ಲೇಬೇಕಾ?"

ರೆವಾಜ್ ಅವಳನ್ನೇ ನೋಡಿದ. ಕಣ್ಣು ಮತ್ತೆ ತುಂಬಿತು.

"ಯಾರು ಹೋಗು ಅಂದಿದ್ದು ನಿಂಗೆ?"

"ನೀನೇ. ಈಗಷ್ಟೇ."

"ಬಾಯ್ತಪ್ಪಿ ಬಂತು ಕಣೇ," ಎಂದು ಅವನು ಕೈ ಚಾಚಿದ. "ಬಾ, ಆರಿಹೋಗುತ್ತೆ."