ಬೊಂತೆಯ ಬಾಯಿ

“ಮೂಲೇಲಿ ಒಸಿ ಬಾಯಿ ಬುಡು ಕಣವ್ವ. ಎರಡು ಬೆಳ್ಳು ತೂರೋವಷ್ಟು. ಬಸುರಿ ಹೆಸರಲ್ಲಿ ಹೊಲಿಯೋ ಬೊಂತೇನ ಹೆರಿಗೆ ಆಗೋಗಂಟ ಮುಚ್ಚಬಾರ್ದು.”

ಕೆಂಚಮ್ಮ ಇದನ್ನು ಹೇಳಿದ್ದು ಮೆಷಿನ್ನಿನ ಪಕ್ಕ ನಿಂತು, ಮೆಲುದನಿಯಲ್ಲಿ. ಮಾನಸ ನಕ್ಕಳು. ಮುಗುಳ್ನಕ್ಕು ಸುಮ್ಮನಾಗಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಇವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೊಂತೆಗೂ ನೋವು ಬರುತ್ತದಾ ಅಜ್ಜಿ, ಅದಕ್ಕೂ ಆಸ್ಪತ್ರೆಯಲ್ಲಿ ಮಂಚ ಹಿಡಿಯಬೇಕಾ ಎಂದು ಕೇಳಿದಳು. ಕುರ್ಚಿಯಲ್ಲಿ ಕೂತಿದ್ದ ತುಂಬು ಬಸುರಿ ರಮ್ಯಾ ಅತ್ತೆ ಕೆಂಚಮ್ಮನ ಮುಂದೆ ನಗಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೈಸೂರಿನಿಂದ ಕೈಲಾಂಚಕ್ಕೆ ಸೊಸೆಯಾಗಿ ಬಂದ ಮಾನಸಳಿಗೆ ಇಲ್ಲಿ ಸಿಕ್ಕ ಮೊದಲ ಗೆಳತಿ ಈ ರಮ್ಯಾ.

ಕೆಂಚಮ್ಮ ನಗಲಿಲ್ಲ. ಹಳೇ ಸೀರೆಗಳ ಚೂರು ಜೋಡಿಸಿ ತಾನೇ ಕೈಯಲ್ಲಿ ಹೊಲಿದಿದ್ದ ಕೌದಿಯ ಮೇಲುಹಾಸನ್ನು ಸವರುತ್ತ ಇನ್ನಷ್ಟು ಹೇಳಿದಳು. ಹೆರಿಗೆಯಾದ ಮೇಲೆ ನಾಲ್ಕು ಕಾಳು ರಾಗಿ ಹಾಕಿ, ಹೊಲಿದು ಮುಗಿಸಿದವಳೇ ಆ ಬಾಯಿ ಮುಚ್ಚಬೇಕು. ರಾಗಿ ಬಿಟ್ಟು ಬೇರೇನೂ ಒಳಗೆ ಹೋಗಬಾರದು. ಮಾಟ ಅಂದರೆ ನಿಂಬೆಹಣ್ಣು, ಕುಂಕುಮವೇ ಆಗಬೇಕಿಲ್ಲ.

“ನಮ್ಮ ತವರಲ್ಲಿ ಒಬ್ಳು ತನ್ನ ತಲೆಕೂದ್ಲು ತೂರ್ಸಿ ಮುಚ್ಬುಟ್ಟಿದ್ಲು. ಆ ಮಗ ಹೆತ್ತೋಳ ಎದೆ ಮುಟ್ನಿಲ್ಲ ಕಣವ್ವ. ಕೂದ್ಲು ಯಾರ್ದೋ ಅವಳ ಹಿಂದೇನೇ ಹೋಯ್ತು.”

ಆಗಲಿ ಅಜ್ಜಿ ಎಂದು ಮಾನಸ ಅವರಿಬ್ಬರನ್ನು ಕಳಿಸಿಕೊಟ್ಟಳು.

ಮೆಷಿನ್ ಇದ್ದದ್ದು ಹಿತ್ತಲ ಹುಳದ ಮನೆಯಲ್ಲಿ. ಮಾವ ಬೀರಯ್ಯನ ಕಾಲಕ್ಕೇ ರೇಷ್ಮೆಹುಳ ಸಾಕುವುದು ನಿಂತಿತ್ತು, ಆದರೂ ಗೋಡೆಯಿಂದ ಹಳಸಿದ ಹಿಪ್ಪುನೇರಳೆ ಸೊಪ್ಪಿನ ವಾಸನೆ ಹೋಗಿರಲಿಲ್ಲ. ಅಲ್ಲಿ ಉದ್ದ ತೋಳಿನ ಆ ಮೆಷಿನ್ ಗೋಡೆಯಿಂದ ಗೋಡೆಗೆ ಚಾಚಿಕೊಂಡಿತ್ತು. ಮೇಲುಹಾಸು, ಹತ್ತಿ, ಅಡಿಬಟ್ಟೆ ಮೂರನ್ನೂ ಉರುಳೆಗಳ ನಡುವೆ ಬಿಗಿದು, ಹಿಡಿ ಹಿಡಿದು ಸೂಜಿಯ ತಲೆಯನ್ನು ಹಳಿಯ ಮೇಲೆ ಓಡಿಸಿದರೆ ಬಳ್ಳಿ, ಹೂವು, ಸುಳಿ, ಏನು ಬೇಕಾದರೂ ಮೂಡುತ್ತಿತ್ತು. ಗೆಳತಿಯರು ಚೂರು ಜೋಡಿಸಿ ತರುವುದು, ಇವಳು ಮುಗಿಸಿಕೊಡುವುದು. ಕಾಸು ಮುಟ್ಟುತ್ತಿರಲಿಲ್ಲ. ಬರುತ್ತಿದ್ದವೆಲ್ಲ ಹೆಚ್ಚಾಗಿ ತೊಟ್ಟಿಲ ಬೊಂತೆಗಳೇ. ಊರಿನ ಮಕ್ಕಳೆಲ್ಲ ಇವಳ ಹೊಲಿಗೆಯ ಕೆಳಗೆ ಬೆಚ್ಚಗೆ ಮಲಗುತ್ತಿದ್ದರು, ಇವಳ ಮನೆಯಲ್ಲಿ ಮಾತ್ರ ತೊಟ್ಟಿಲಿರಲಿಲ್ಲ. ಬೇರೆಯವರ ಕೂಸಿಗೆ ಹೂವು ಬಿಡಿಸುತ್ತ ಅವಳ ಎದೆ ಎಷ್ಟು ಸಲ ಉರಿದಿದೆಯೋ ದೇವರಿಗೇ ಗೊತ್ತು.

ಆದರೆ ಆ ದಿನ ಮಾನಸಳ ಕಾಲು ನೆಲದ ಮೇಲಿರಲಿಲ್ಲ. ಬೆಳಗ್ಗೆ ಬಸುರು ಪರೀಕ್ಷೆಯ ಕಿಟ್‌ನಲ್ಲಿ ಎರಡು ಗೆರೆ ಮೂಡಿದ್ದವು. ಹಾರೋಹಳ್ಳಿಯ ಫ್ಯಾಕ್ಟರಿಗೆ ಹೋಗುವ ಗಂಡ ಬೀರೇಶನಿಗೂ ಹೇಳಿರಲಿಲ್ಲ. ಇನ್ನೊಂದಿಷ್ಟು ದಿನ ಗಟ್ಟಿಯಾಗಲಿ ಎಂದು ಒಳಗೇ ಇಟ್ಟುಕೊಂಡು ಹಾಡು ಗುನುಗುತ್ತ ಹೊಲಿದಳು. ಹೊಲಿಗೆ ಕೊನೆಯ ಮೂಲೆಗೆ ಬಂತು. ಅರೆಬರೆ ಕೆಲಸವೆಂದರೆ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಅಜ್ಜಿಯ ಮಾತು ನೆನಪಾಗದೆ ಇರಲಿಲ್ಲ. ನೆನಪಾಗಿಯೇ, ನಗುತ್ತಲೇ, ಸೂಜಿ ಓಡಿಸಿ ಮೂಲೆಯನ್ನು ಮುಚ್ಚಿದಳು.

ಮರುದಿನ ಮಧ್ಯಾಹ್ನ ಕೆಂಚಮ್ಮನ ಫೋನು ಬಂತು. ರಮ್ಯಾಳನ್ನು ರಾಮನಗರದ ಆಸ್ಪತ್ರೆಗೆ ಸೇರಿಸಿದ್ದರು. ನಿನ್ನೆ ರಾತ್ರಿಯಿಂದ ನೋವು ಬರುತ್ತಿತ್ತು, ದಾರಿ ಮಾತ್ರ ಬಿಡುತ್ತಿರಲಿಲ್ಲ. ಮಗುವಿನ ಎದೆಬಡಿತ ಇಳಿಯುತ್ತಿದೆ, ಆಪರೇಷನ್ ಮಾಡೋಣವೆಂದರೆ ತಾಯಿಯ ಬಿಪಿ ಹತೋಟಿಗೆ ಬರುತ್ತಿಲ್ಲ ಎಂದು ಡಾಕ್ಟರು ಕೈ ಹಿಸುಕಿಕೊಳ್ಳುತ್ತಿದ್ದರು.

“ಬಾಯಿ ಬುಟ್ಟಿದ್ದೀಯ ತಾನೆ?” ಎಂದಳು ಕೆಂಚಮ್ಮ.

ಬಿಟ್ಟಿದ್ದೀನಿ ಎಂದು ಮಾನಸ ಸುಳ್ಳು ಹೇಳಿದಳು. ಆ ಕಡೆ ದೂರದಲ್ಲಿ ರಮ್ಯಾಳ ನರಳಾಟ ಕೇಳಿಸುತ್ತಿತ್ತು.

“ಮುಚ್ಚಿದ್ರೆ ನೀನೇ ಬಿಚ್ಚಬೇಕು. ಸುಮ್ಕೆ ಬುಡಕ್ಕಿಲ್ಲ ಅದು. ಒಡಲಿಗೆ ಒಡಲೇ ಕೇಳ್ತದೆ.”

ಮಾನಸ ಹಿತ್ತಲಿಗೆ ಓಡಿದಳು. ಹುಳದ ಮನೆಯ ಕಿಟಕಿಗಳಿಗೆ ಹಿಂದೆ ಹೊಡೆದಿದ್ದ ಕಪ್ಪು ಬಟ್ಟೆ ಹಾಗೇ ಇತ್ತು, ಒಳಗೆ ಹಗಲಲ್ಲೂ ಕತ್ತಲೆ. ಸ್ವಿಚ್ ಒತ್ತಿದಳು. ಕರೆಂಟ್ ಇರಲಿಲ್ಲ. ಬಾಗಿಲು ತಾನಾಗಿ ಹಿಂದಿನಿಂದ ಮುಚ್ಚಿಕೊಂಡಿತು. ಸೊಪ್ಪಿನ ವಾಸನೆ ಇಂದು ಹಳೆಯದಾಗಿರಲಿಲ್ಲ. ಈಗಷ್ಟೇ ಕೊಯ್ದು ಹಾಕಿದ ಹಸಿ ವಾಸನೆ ಗಂಟಲಿಗೆ ಅಡರಿತು. ಆಮೇಲೆ ಸದ್ದು. ಸಣ್ಣಗೆ ಮಳೆ ಹನಿದಂತೆ, ಸರಸರ, ಸರಸರ. ಹುಳಗಳು ಸೊಪ್ಪು ಮೇಯುವಾಗ ಆಗುವ ಸದ್ದು ಅದು. ಆ ಕೋಣೆಯಲ್ಲಿ ಒಂದೂ ಹುಳವಿರಲಿಲ್ಲ. ಸದ್ದು ಬರುತ್ತಿದ್ದದ್ದು ಬೊಂತೆಯ ಒಳಗಿನಿಂದ.

ಮೊಬೈಲಿನ ಬೆಳಕಿನಲ್ಲಿ ಮೂಲೆ ಹುಡುಕಿದಳು. ಉರುಳೆಗಳ ನಡುವೆ ಬೊಂತೆ ಉಬ್ಬಿತ್ತು. ಉಬ್ಬು ಏರಿತು. ಇಳಿಯಿತು. ಮತ್ತೆ ಏರಿತು. ಕೈಯಿಟ್ಟರೆ ಬಿಸಿ, ಜ್ವರ ಬಂದ ಮೈಯ ಬಿಸಿ.

ಸಣ್ಣ ಕತ್ತರಿ ಸಿಕ್ಕಿತು. ಒಂದು ಹೊಲಿಗೆ ಕತ್ತರಿಸಿದಳು. ಅವಳ ಕಿಬ್ಬೊಟ್ಟೆಯಲ್ಲಿ ಏನೋ ಚುಳ್ಳೆಂದಿತು.

ಇನ್ನೊಂದು. ಮತ್ತೆ ಚಳುಕು.

ಕೈ ನಿಂತಿತು. ಒಡಲಿಗೆ ಒಡಲು. ಈಗ ಅರ್ಥವಾಯಿತು. ಕತ್ತರಿ ಎಸೆದು ಹೊರಗೆ ಓಡಬಹುದಿತ್ತು. ಇದೆಲ್ಲ ಭ್ರಮೆ ಎನ್ನಬಹುದಿತ್ತು. ನಿನ್ನೆ ನಕ್ಕವಳು ಇವಳೇ ಅಲ್ಲವೆ? ಕಿವಿಯಲ್ಲಿ ರಮ್ಯಾಳ ನರಳಾಟ ನಿಂತಿರಲಿಲ್ಲ. ಹಲ್ಲು ಕಚ್ಚಿದಳು. ಕತ್ತರಿಸಿದಳು. ಎಳೆದಳು. ದಾರ ಒದ್ದೆಯಾಗಿತ್ತು. ಮತ್ತೆ ಕತ್ತರಿಸಿದಳು. ಕರೆಂಟಿಲ್ಲದ ಮೆಷಿನ್ ಹಳಿಯ ಮೇಲೆ ಕಿರ್ರನೆ ಅವಳತ್ತ ಸರಿಯಿತು. ಸೂಜಿ ಮೇಲೆದ್ದಿತು. ಬೆರಳಿಗೆ ಇಳಿಯಿತು. ಬಿಡಲಿಲ್ಲ. ಕೊನೆಯ ಹೊಲಿಗೆ. ಕತ್ತರಿಸಿದಳು.

ಮೂಲೆ ಬಾಯಿ ಬಿಟ್ಟಿತು. ಬಿಸಿ ಉಸಿರು ಹೊರಗೆ ನುಗ್ಗಿತು. ಸದ್ದು ನಿಂತಿತು.

ಫೋನು ಬಡಿದುಕೊಂಡಿತು. ಗಂಡುಮಗು, ಇಬ್ಬರೂ ಚೆನ್ನಾಗಿದ್ದಾರೆ. ಮಾನಸ ಗೋಡೆಗೊರಗಿ ಕೂತಳು. ಸೀರೆ ರಕ್ತದಲ್ಲಿ ತೊಯ್ದಿತ್ತು.

ಬಸುರು ಇನ್ನೂ ಎಳೆಯದಿತ್ತು, ಮುಂದೆ ಆಗುತ್ತದೆ ಎಂದು ಡಾಕ್ಟರು ಸಮಾಧಾನ ಹೇಳಿದರು. ಬೀರೇಶ ಅತ್ತ. ಮಾನಸ ಮಾತ್ರ ಅಳಲಿಲ್ಲ. ಗೆಳತಿಯ ಕೂಸು ಉಳಿಯಿತಲ್ಲ, ತನ್ನ ತಪ್ಪಿಗೆ ತಾನೇ ತೆತ್ತೆನಲ್ಲ, ಅಷ್ಟು ಸಾಕು ಎಂದುಕೊಂಡಳು. ಮೈ ಸ್ವಲ್ಪ ಹಗುರಾದ ದಿನ ಎಳೆಮಗುವಿನ ಅಂಗಿಯೊಂದನ್ನು ಹಿಡಿದು ರಮ್ಯಾಳ ಮನೆಗೆ ಹೋದಳು.

ಕೆಂಚಮ್ಮ ಹೊಸಲಲ್ಲೇ ತಡೆದಳು.

“ಕಳ್ಕಂಡೋಳು ಬಾಣಂತಿ ಮಕ ನೋಡಬಾರ್ದು ಕಣವ್ವ. ದೃಷ್ಟಿ ಆಯ್ತದೆ. ಹೋಗು.”

ಕಿಟಕಿಯಲ್ಲಿ ರಮ್ಯಾ ಕಂಡಳು. ನಡೆದದ್ದನ್ನೆಲ್ಲ ಫೋನಿನಲ್ಲಿ ಹೇಳಿಯಾಗಿತ್ತು, ತಾನು ಕಳೆದುಕೊಂಡದ್ದು ಯಾರಿಗಾಗಿ ಎಂದು ಅವಳಿಗೆ ಗೊತ್ತು, ಒಂದು ಮಾತಾದರೂ ಆಡುತ್ತಾಳೆ ಎಂದು ಮಾನಸ ಕಾದಳು. ರಮ್ಯಾ ಮಗುವಿನ ಮುಖದ ಮೇಲೆ ಸೆರಗೆಳೆದು ಆ ಕಡೆ ತಿರುಗಿದಳು. ಥೂ, ಇಂಥ ಗೆಳೆತನಕ್ಕಿಷ್ಟು! ಅಂಗಿ ಮಾನಸಳ ಕೈಯಲ್ಲೇ ಮುದುಡಿತು.

ಸಂಜೆ ಆಟೊ ಓಡಿಸುವ ತನ್ವೀರ್ ಬಾಗಿಲಿಗೆ ಬಂದ. ಕೈಯಲ್ಲಿ ರಾಗಿಯ ಪೊಟ್ಟಣ. ಬೊಂತೆಯ ಬಾಯಿ ಮುಚ್ಚಿಸಿಕೊಂಡು ಬಾ ಎಂದು ಕೆಂಚಮ್ಮ ಕಳಿಸಿದ್ದಳು. ಮಾನಸಳ ಮೊಬೈಲಿಗೆ ರಮ್ಯಾಳ ವಾಯ್ಸ್ ಮೆಸೇಜ್ ಬಂದಿತ್ತು: “ಹೊಲ್ದೋಳೇ ಮುಚ್ಚಬೇಕಂತೆ ಕಣೇ. ಮುಚ್ಚಿ ತನ್ವೀರ್ ಕೈಲಿ ಕಳ್ಸು. ನೀನು ಬರ್ಬೇಡ. ಬೇಜಾರ್ ಮಾಡ್ಕೋಬೇಡ.”

ಮಾನಸ ಅದನ್ನು ಮತ್ತೊಮ್ಮೆ ಕೇಳಿದಳು. ಹುಳದ ಮನೆಗೆ ಹೋಗಿ ದೀಪ ಹಾಕಿದಳು. ಬೊಂತೆ ಉರುಳೆಗಳ ನಡುವೆ ತಣ್ಣಗೆ, ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಪೊಟ್ಟಣ ಬಿಚ್ಚಿ ರಾಗಿಯನ್ನು ಕಿಟಕಿಯಿಂದ ಕೋಳಿಗಳಿಗೆ ಚೆಲ್ಲಿದಳು. ತುರುಬು ಬಿಚ್ಚಿದಳು. ಒಂದು ಎಳೆ ಕಿತ್ತು ಬೆರಳಿಗೆ ಸುತ್ತಿ, ಸುರುಳಿಯನ್ನು ಮೂಲೆಯೊಳಗೆ ಆಳಕ್ಕೆ ತೂರಿಸಿದಳು. ಈ ಸಲ ಅವಳು ನಗಲಿಲ್ಲ. ಸೂಜಿ ಓಡಿತು. ಹೊಲಿಗೆ ಎಷ್ಟು ನಾಜೂಕಾಗಿತ್ತೆಂದರೆ ತನ್ವೀರ್ ಕೂಡ ಬೊಂತೆಯನ್ನು ಬೆಳಕಿಗೆ ಹಿಡಿದು ನೋಡಿ ತಲೆದೂಗಿದ.

ಬೆಳಗ್ಗೆ ಫೋನು ಬಂತು. ರಮ್ಯಾ ಬಿಕ್ಕುತ್ತಿದ್ದಳು. ರಾತ್ರಿ ಬೊಂತೆ ಹೊದಿಸಿದಾಗಿನಿಂದ ಮಗು ಎದೆಗೆ ಬಾಯಿ ಹಾಕುತ್ತಿಲ್ಲ, ಯಾರ ಕೈಗೂ ನಿಲ್ಲುತ್ತಿಲ್ಲ, ಬೊಂತೆ ತೆಗೆದರೆ ಉಸಿರು ಕಟ್ಟಿದಂತೆ ಚೀರುತ್ತದೆ.

“ನಿಮ್ಮನೆ ಕಡೇನೇ ತಲೆ ತಿರುಗಿಸ್ತಾನೆ ಕಣೇ. ಏನ್ ಮಾಡ್ದೆ ಹೇಳು. ನಿನ್ ಕಾಲಿಗೆ ಬೀಳ್ತೀನಿ, ಬಿಚ್ಚು.”

ಬಿಚ್ಚಿದರೆ ಅದು ಏನು ಕೇಳುತ್ತದೆಂದು ಮಾನಸಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಕೊಡಲು ಅವಳಲ್ಲಿ ಈಗ ಏನೂ ಉಳಿದಿರಲಿಲ್ಲ.

“ಇಲ್ಲಿಗೆ ಕರ್ಕೊಂಡು ಬಾ,” ಎಂದಳು. “ಹಸ್ದಿದಾನೆ.”

ಫೋನಿಟ್ಟು ಬಾಗಿಲು ತೆರೆದು ಹೊಸಲ ಮೇಲೆ ಕೂತಳು. ರವಿಕೆ ಎದೆಯ ಬಳಿ ಒದ್ದೆಯಾಗುತ್ತಿತ್ತು.