ಕೆಂಪು ಚುಕ್ಕಿಯ ಅಡಾಪ್ಟರ್

"ಇದನ್ನ ಯಾರೋ ಕೈಲೆ ಜಗ್ಯಾರ್ರಿ, ಸರ್. ಒಳಗಿನ ಗೇರು ಹೋಗ್ಯಾವ."

ಬೀದರಿನಿಂದ ಬಂದಿದ್ದ ರಿಪೇರಿಯವನು ಇಷ್ಟು ಹೇಳಿ, ಟೆಲಿಸ್ಕೋಪಿನ ಅಡಾಪ್ಟರಿಗೆ ಹಚ್ಚಿ ನೋಡಿದ್ದ ಮೀಟರಿನ ವೈರು ಸುತ್ತತೊಡಗಿದ. ಔರಾದಿನ ಆ ಹೈಸ್ಕೂಲಿನಲ್ಲಿ ಟೆಲಿಸ್ಕೋಪಿಗೆ ಕೈ ಹಚ್ಚುತ್ತಿದ್ದವಳು ಒಬ್ಬಳೇ, ವಿಜ್ಞಾನದ ಟೀಚರ್ ಮಹಾಮಾಯಾ. ಹೆಡ್ ಮಾಸ್ಟರ್ ಬಸವಣ್ಣೆಪ್ಪನವರು ತಿರುಗಿ ನೋಡಿದ್ದೂ ಅವಳನ್ನೇ.

'ಯಾರೋ' ಅಂತೆ... ಆ ಯಾರೋ ನಾನೇ ಅಲ್ಲವೇ?

ಅವಳ ಕಿವಿ ಬಿಸಿಯಾಯಿತು.

"ನಾ ಜಗ್ಗಿದ್ದು ನೀವು ನೋಡೀರೇನ್ರಿ?"

ಅವನು ತಲೆ ಎತ್ತಿ ನೋಡಿ, ತಕ್ಷಣ ಕಣ್ಣು ಕೆಳಗೆ ಹಾಕಿದ.

"ನಾ ನಿಮ್ಮ ಹೆಸರು ತಗೊಂಡಿಲ್ರಿ, ಮೇಡಂ."

"ಈ ಖೋಲಿಯೊಳಗ ತಗೊಳ್ಳಲಾಕ ಇನ್ನ್ಯಾರ ಹೆಸರು ಅದ್ರಿ?"

ಚೀಲ ಹೆಗಲಿಗೇರಿಸಿ ಅವನು ಹೊರಟೇ ಹೋದ. ಮನುಷ್ಯ ನೋಡಲು ಮೆತ್ತಗಿದ್ದ, ಮಾತು ಮಾತ್ರ ಸರಿಯಾದ ಜಾಗಕ್ಕೇ ತಾಗಿತ್ತು.

ಅವನ ಹೆಸರು ರತ್ನದೀಪ. ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿ, ಕಡಲೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಗಳನ್ನು ರಿಪೇರಿ ಮಾಡುವವನು. ಟೆಲಿಸ್ಕೋಪ್ ರಿಪೇರಿ ಮಾಡುವವರು ಈ ಸೀಮೆಯಲ್ಲಿ ಬೇರೆ ಯಾರಿದ್ದಾರೆ?

ಆ ಟೆಲಿಸ್ಕೋಪೂ ಪೂರ್ತಿ ಔರಾದಿನದಲ್ಲ. ದಾನಿಯೊಬ್ಬರು ಬೀದರ, ಭಾಲ್ಕಿ, ಔರಾದ ಮೂರೂ ಊರಿನ ಶಾಲೆಗಳಿಗೆ ಸೇರಿ ಒಂದನ್ನೇ ಕೊಟ್ಟಿದ್ದರು. ಒಂದೊಂದು ಕಡೆ ಮೂರು ಮೂರು ತಿಂಗಳು. ಮೊದಲು ಬೀದರಿನಲ್ಲಿ ಟೀಚರುಗಳಿಗೆ ಒಂದು ದಿನದ ಟ್ರೇನಿಂಗ್ ಆಯಿತು, ಆಮೇಲೆ ಮೊದಲ ಪಾಳಿ ಭಾಲ್ಕಿಯದು. ಅಲ್ಲಿ ಚೆನ್ನಾಗಿಯೇ ನಡೆದಿತ್ತು. ಔರಾದಿಗೆ ಬಂದ ದಿನವೇ ಹಟ ಹಿಡಿಯಿತು. ಅದನ್ನು ಹೊತ್ತು ತಿರುಗಿಸಬೇಕಾದ ಮೋಟಾರಿನ ಸ್ಟ್ಯಾಂಡು, ಎಷ್ಟು ಬಟನ್ ಒತ್ತಿದರೂ ಅಲ್ಲಾಡದು. ರಿಮೋಟಿನ ಪುಟ್ಟ ಪರದೆಯ ಮೇಲೆ 'ನೋ ರೆಸ್ಪಾನ್ಸ್' ಎಂದು ಬರುವುದು, ಅಷ್ಟೇ.

"ಸೋಮವಾರದ ಕಾರ್ಯಕ್ರಮ ಬ್ಯಾಡ್ರಿ, ಮೇಡಂ," ಎಂದರು ಬಸವಣ್ಣೆಪ್ಪನವರು. "ಮಂಗಳವಾರ ಇದನ್ನ ಬೀದರಿಗಿ ಕಳಸೋಣ. ಇನ್ನ ನಮ್ಮ ಪಾಳಿನೂ ಬ್ಯಾಡ. ಸುಮ್ಮನ ನಮ್ಮ ಸಾಲಿಗಿ ಕೆಟ್ಟ ಹೆಸರು."

ಮಹಾಮಾಯಾ ರಿಮೋಟನ್ನು ಕೆಳಗಿಟ್ಟಳು. ಸೋಮವಾರ ಸಂಜೆ ಹುಡುಗಿಯರ ತಾಯಂದಿರಿಗೆ ಚಂದ್ರನನ್ನು ತೋರಿಸುವುದಿತ್ತು. ಮನೆ ಮನೆಗೆ ಹೋಗಿ ಅರವತ್ತು ಮಂದಿಯನ್ನು ಕರೆದು ಬಂದಿದ್ದಳು. ಅವಳ ಅವ್ವ ವಿಮಲಾಬಾಯಿಯಂತೂ ಆಗಲೇ ಟ್ರಂಕಿನಿಂದ ಹೊಸ ಸೀರೆ ತೆಗೆದಿಟ್ಟಿದ್ದಳು.

"ಸೋಮವಾರದ ತನಕ ಟೈಮ್ ಕೊಡ್ರಿ, ಸರ್. ನಾ ಜಗ್ಗಿಲ್ರಿ. ಖರೇನೇ ಜಗ್ಗಿಲ್ಲ."

"ನೋಡ್ರಿ ಹಂಗಾದ್ರ," ಎಂದರು ಅವರು. ನಂಬಿದ ದನಿ ಅದಲ್ಲ.

ಶುಕ್ರವಾರ ಮಹಾಮಾಯಾ ಹಟಕ್ಕೆ ಬಿದ್ದಳು. ವೈರು ಕಿತ್ತು ಮತ್ತೆ ಹಾಕಿದಳು. ರಿಮೋಟಿನ ಪಿನ್ನು ಒರೆಸಿದಳು. ಪಕ್ಕದ ತೂತಿಗೆ ಚುಚ್ಚಿ ನೋಡಿದಳು. ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದಳು. ಏನೂ ಆಗಲಿಲ್ಲ.

ಕೊನೆಗೆ ಭಾಲ್ಕಿ ಶಾಲೆಯ ಸುಶೀಲಕುಮಾರ ಸರ್‌ಗೆ ಫೋನು ಹಚ್ಚಿದಳು.

"ನಮ್ಮಲ್ಲಿ ಅಡಾಪ್ಟರ್ ಪೆಟಿಗಿಯಿಂದ ತೆಗದೇ ಇಲ್ರಿ," ಎಂದರು ಅವರು. "ಕರೆಂಟಿನ ಭರವಸಿ ಇಲ್ಲ ನೋಡ್ರಿ. ನನ್ನ ಬ್ಯಾಟರಿ ಮ್ಯಾಲೇ ನಡಸೀನಿ. ಅದು ಮನಿಯೊಳಗದ, ನಾ ಮದುವಿಗಿ ಉದಗೀರಕ್ಕ ಬಂದೀನಿ. ಮಂಗಳವಾರ ಕೊಡ್ತೇನ್ರಿ."

ಮಂಗಳವಾರ ಕೊಟ್ಟು ಏನು ಬಂತು? ಆದರೆ ಆ ಮಾತು ಅವಳ ತಲೆಯಲ್ಲಿ ಕುಳಿತಿತು. ಅಡಾಪ್ಟರ್ ತೆಗೆದೇ ಇಲ್ಲ...

ಮತ್ತೆ ಬಟನ್ ಒತ್ತಿದಳು. ಈ ಸಲ ಸ್ಟ್ಯಾಂಡನ್ನು ನೋಡಲಿಲ್ಲ, ರಿಮೋಟಿನ ಪರದೆಯನ್ನು ನೋಡಿದಳು. ಒತ್ತಿದ ಗಳಿಗೆ ಪರದೆಯ ಬೆಳಕು ಮಂಕಾಗಿ ಮತ್ತೆ ಏರಿತು. ಇನ್ನೊಮ್ಮೆ ಒತ್ತಿದರೂ ಅದೇ.

ಮಹಾಮಾಯಾ ನಕ್ಕಳು. ನಂತರ, ಮನಸ್ಸು ಬೇಡವೆಂದರೂ ಆ ರಿಪೇರಿಯವನಿಗೇ ಫೋನು ಮಾಡಿದಳು. ಗಂಜಿನ ಹಮಾಲರ ಕೂಗಿನ ನಡುವೆ ಅವನ ದನಿ ಕೇಳಿತು.

"ಹಲೋ... ಮೇಡಂ?"

"ಒಂದ್ ಮಾತು ಕೇಳ್ತೇನ್ರಿ. ತಕ್ಕಡಿ ರಿಪೇರಿ ಮಾಡಿದ ಮ್ಯಾಲ, ಬರೇ ಸೊನ್ನಿ ತೋರಸ್ತದಂತ ನೋಡಿ ಕೊಟ್ಟು ಬರ್ತೀರೇನ್ರಿ?"

"ಛೇ, ಇಲ್ರಿ. ಬರೇ ತಕ್ಕಡಿ ಎಲ್ಲಾ ಛಲೋನೇ ತೋರಸ್ತದ. ಇಪ್ಪತ್ತು ಕಿಲೋದ ಕಲ್ಲು ಇಟ್ಟು ನೋಡಿದಾಗೇ ಖರೇ ತಿಳೀತದ."

"ಮತ್ತ ನಮ್ಮ ಅಡಾಪ್ಟರ್‌ಗೆ ಮೋಟಾರ್ ಹಚ್ಚದೇ ಬರೇ ಯಾಕ ನೋಡಿದ್ರಿ? ಖಾಲಿ ಇದ್ದಾಗ ಹನ್ನೆರಡು ವೋಲ್ಟು ತೋರಸ್ತು ನಿಮ್ಮ ಮೀಟರ್. ಮೋಟಾರಿನ ಭಾರ ಬಿದ್ದ ಕೂಡ್ಲೇ ಅದು ಕುಸೀಲತ್ತದ."

ಅವನು ದನಿ ತಗ್ಗಿಸಿ ಕೇಳಿದ, "ಮೇಡಂ... ಅದನ್ನ ತಿರುವಿ ನೋಡ್ರಿ. ತಳಕ ಏನರ ಗುರ್ತದೇನ್ರಿ?"

"ಕೆಂಪು ಬಣ್ಣದ ಚುಕ್ಕಿ ಅದ್ರಿ."

ಫೋನು ಕಟ್ಟಾಯಿತು.

ಮಹಾಮಾಯಾ ಮತ್ತೆ ಹಚ್ಚಿದಳು. ಎತ್ತಲಿಲ್ಲ. ಶನಿವಾರವೂ ಎತ್ತಲಿಲ್ಲ, ಐತವಾರವೂ ಇಲ್ಲ.

'ತಪ್ಪು ಸಿಕ್ಕಿತಲ್ಲ, ಈಗ ಮುಖ ಮುಚ್ಚಿಕೊಂಡಿದ್ದಾನೆ...' ಎಂದುಕೊಂಡಳು. ಸಿಟ್ಟೇ ಬರಬೇಕಿತ್ತು. ಬಂದದ್ದು ಸಿಟ್ಟಿಗಿಂತ ಹೆಚ್ಚು ಬೇಸರ. ಇಪ್ಪತ್ತು ಕಿಲೋದ ಕಲ್ಲಿನ ಬಗ್ಗೆ ಅಷ್ಟು ನೇರವಾಗಿ ಮಾತಾಡಿದವನು ಇಂಥವನೇ? ಅವನು ಎಂಥವನಾದರೆ ತನಗೇನು ಎಂದು ತನ್ನನ್ನೇ ಬೈದುಕೊಂಡಳು.

ಹೆಡ್ ಮಾಸ್ಟರಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು.

"ಮೇಡಂ, ಬೀದರಿನಾಂವ ಗೇರು ಅಂತಾನ, ನೀವು ಅಡಾಪ್ಟರ್ ಅಂತೀರಿ," ಎಂದರು ಬಸವಣ್ಣೆಪ್ಪನವರು. "ನಾ ಯಾರ ಮಾತು ನಂಬ್ಲಿ?"

ಮಹಾಮಾಯಾ ನೋಟ್‌ಬುಕ್ಕು ಮುಚ್ಚಿ ಹೊರಗೆ ಬಂದಳು. ಟೆಲಿಸ್ಕೋಪ್ ಹೋದರೆ ಹೋಗಲಿ. ಹತ್ತು ವರ್ಷ ಪಾಠ ಮಾಡಿದ ಶಾಲೆಯಲ್ಲಿ ತನ್ನ ಮಾತಿಗೆ ತೂಕವೇ ಇಲ್ಲವಲ್ಲ...

ಸೋಮವಾರ ಐದು ಗಂಟೆಗೆ ಅಂಗಳದಲ್ಲಿ ತಾಯಂದಿರು ಸೇರತೊಡಗಿದರು. ಹೊಸ ಸೀರೆಯ ವಿಮಲಾಬಾಯಿ ಎಲ್ಲರಿಗಿಂತ ಮುಂದೆ ಕುಳಿತಿದ್ದಳು. ಅರ್ಧ ಚಂದ್ರ ಆಗಲೇ ಬೆಳ್ಳಗೆ ನೆತ್ತಿಯ ಹತ್ತಿರ ಬಂದಿತ್ತು. ಸ್ಟ್ಯಾಂಡು ಮಾತ್ರ ಮುನಿಸಿಕೊಂಡ ಬೀಗರಂತೆ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿತ್ತು.

"ಎಲ್ಲಾರಿಗೂ ಚಹಾ ಕೊಟ್ಟು ಕಳಸಿಬಿಡ್ರಿ, ಮೇಡಂ," ಎಂದು ಹೆಡ್ ಮಾಸ್ಟರ್ ಹೇಳುವುದಕ್ಕೂ, ಗೇಟಿನಲ್ಲಿ ರತ್ನದೀಪ ಕಾಣಿಸುವುದಕ್ಕೂ ಸರಿಹೋಯಿತು. ಬಸ್ಸಿನ ಧೂಳು ತಲೆಗೂದಲ ತನಕ ಏರಿತ್ತು. ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಏನೋ ಇತ್ತು.

ಅವನು ನೇರವಾಗಿ ಬಸವಣ್ಣೆಪ್ಪನವರ ಮುಂದೆ ನಿಂತ.

"ಸರ್, ಗುರುವಾರ ನಿಮ್ಮ ಮುಂದ ಒಂದು ಮಾತು ಆಡಿದ್ದೆ. ಅದು ಸುಳ್ಳರಿ. ಗೇರು ಹೋಗಿಲ್ಲ, ಯಾರೂ ಜಗ್ಗಿಲ್ಲ. ಮೇಡಂ ಹೇಳಿದ್ದೇ ಖರೇ."

ಅವನು ಸ್ಟ್ಯಾಂಡಿನ ಅಡಾಪ್ಟರನ್ನು ತಿರುವಿ ತಳ ತೋರಿಸಿದ.

"ಕೆಂಪು ಚುಕ್ಕಿ ನಾ ನನ್ನ ಅಂಗಡಿ ಮಾಲಿಗಿ ಹಚ್ಚೋ ಗುರ್ತು. ಇಲ್ಲಿರೋದು ತಕ್ಕಡಿ ಅಡಾಪ್ಟರ್ ಅದ, ಮೋಟಾರ್ ಎಳಿಯೋ ತಾಕತ್ತು ಅದಕ್ಕಿಲ್ಲ. ಬೀದರಿನ್ಯಾಗ ಟ್ರೇನಿಂಗ್ ದಿನ ಪ್ಲಗ್ ಬದಲಿ ಮಾಡ್ಲಾಕ ಕರದಾಗ ನಾನೇ ಅದಲಿ ಬದಲಿ ಮಾಡೀನಿ. ನಿಮ್ಮ ಅಡಾಪ್ಟರ್ ಯಾರದೋ ತಕ್ಕಡಿ ಜೋಡಿ ಹೋಗಿತ್ತು. ಗಂಜಿನ್ಯಾಗ ಹನ್ನೊಂದು ಅಂಗಡಿ ತಿರಗೀನಿ. ಕಡೀಕ ಕಮಲನಗರದಾಗ ಸಿಕ್ತು. ಅಂಗಡಿ ಸಾವಕಾರ್ರು ಊರಾಗಿದ್ದಿಲ್ಲ, ಇವತ್ತ ಮುಂಜಾನಿ ಬಂದು ಕೊಟ್ರು."

ಕರವಸ್ತ್ರ ಬಿಚ್ಚಿ, ಅಡಾಪ್ಟರನ್ನು ಮಹಾಮಾಯಾಳ ಕೈಗೇ ಕೊಟ್ಟ.

"ನೀವೇ ಹಚ್ರಿ."

ಅವಳು ಕೆಂಪು ಚುಕ್ಕಿಯದನ್ನು ಕಿತ್ತು ಪರ್ಸಿಗೆ ಹಾಕಿ, ಇದನ್ನು ಹಚ್ಚಿದಳು. ಬಟನ್ ಒತ್ತಿದಳು. ಗುಂಯ್ ಎನ್ನುತ್ತ ಸ್ಟ್ಯಾಂಡು ನಿಧಾನವಾಗಿ ತಿರುಗಿ, ತಲೆ ಎತ್ತಿ, ಚಂದ್ರನತ್ತ ಹೊರಳಿತು. ಮಹಾಮಾಯಾಳ ಕಣ್ಣು ತುಂಬಿ ಬಂತು. ಮೊದಲು ಕಣ್ಣೊರೆಸಿಕೊಂಡು, ಆಮೇಲೆ ಚಂದ್ರನನ್ನು ನೋಡಿದಳು.

"ತಪ್ಪಾತ್ರಿ, ಮೇಡಂ," ಎಂದರು ಬಸವಣ್ಣೆಪ್ಪನವರು ಮೆಲ್ಲಗೆ. "ನಿಮ್ಮ ಮಾತು ನಂಬಬೇಕಿತ್ತು. ಪೂರಾ ಮೂರು ತಿಂಗಳು ಇದು ಇಲ್ಲೇ ಇರ್ತದ."

ಮೊದಲ ಸರದಿ ವಿಮಲಾಬಾಯಿಯದು. ಬಹಳ ಹೊತ್ತು ಕಣ್ಣಿಟ್ಟು ನೋಡಿದಳು.

"ಯವ್ವಾ, ಇದರ ಮಾರಿಗೂ ಮೈಲಿ ಬ್ಯಾನಿ ಬಂದು ಕಲಿ ಉಳದಾವಲ್ಲ," ಎಂದಳು. ಅಂಗಳವೆಲ್ಲ ನಕ್ಕಿತು. ಸರಿಯುವ ಮೊದಲು ಅವಳು ಧೂಳಿನ ತಲೆಯ ರತ್ನದೀಪನನ್ನೂ ಅಷ್ಟೇ ಲಕ್ಷ್ಯಕೊಟ್ಟು ನೋಡಿದಳು.

ಸಾಲು ಕರಗುವ ಹೊತ್ತಿಗೆ ಅವನು ನೀರಿನ ನಲ್ಲಿಯ ಹತ್ತಿರ ಒಬ್ಬನೇ ನಿಂತಿದ್ದ. ಮಹಾಮಾಯಾ ಚಹಾದ ಲೋಟ ಹಿಡಿದು ಹೋದಳು.

"ಫೋನ್ ಯಾಕ ಎತ್ತಿಲ್ರಿ? ಓಡಿ ಹೋದ್ರಿ ಅಂತ ತಿಳದಿದ್ದೆ."

"ಫೋನಿನ್ಯಾಗ ಹೇಳಿದ್ರ ನಿಮಗಷ್ಟೇ ಗೊತ್ತಾಗ್ತಿತ್ತು. ಎಲ್ಲಿ ನಿಂತು ಆಡಿದ್ದೆನೋ ಅಲ್ಲೇ ವಾಪಸ್ ತಗೋಬೇಕಿತ್ರಿ." ಲೋಟವನ್ನು ಕೈಯಲ್ಲಿ ತಿರುಗಿಸುತ್ತ ನಿಂತ. "ಇನ್ನೊಂದು ಉಳದದ. ಅದು ಎಲ್ಲಾರ ಮುಂದ ಹೇಳೋದಲ್ಲ."

"ಹೇಳ್ರಿ."

"ಆ ದಿನ ಬೀದರಿನ ಟ್ರೇನಿಂಗಿಗಿ ನೀವು ಬಂದಿದ್ರಿ. ನಾ ಮೂಲಿಯೊಳಗ ಕುಂತು ಪ್ಲಗ್ ಹಾಕ್ಲತ್ತಿದ್ದೆ. ನೀವು ಪ್ರಶ್ನಿ ಮ್ಯಾಲ ಪ್ರಶ್ನಿ ಕೇಳಿದ್ರಿ, ಹೇಳೋರು ಬೆವರು ಒರಸ್ಕೊಂಡ್ರು..."

"ಅದಕ್ಕೂ ಅಡಾಪ್ಟರಿಗೂ ಏನು ಸಂಬಂಧ್ರಿ?"

"ಪೆಟಿಗ್ಯಾಗ ಇಡೋವಾಗ ನಾ ಅಡಾಪ್ಟರ್ ನೋಡ್ಲೇ ಇಲ್ರಿ. ನಿಮ್ಮನ್ನ ನೋಡ್ಕೋತ ಕುಂತಿದ್ದೆ."

ಮಹಾಮಾಯಾಳಿಗೆ ಮೂಲೆಯಲ್ಲಿ ಕುಳಿತವನ ಮುಖ ಎಷ್ಟು ನೆನೆಸಿದರೂ ನೆನಪಾಗಲಿಲ್ಲ. ಆದರೂ ಒಂದು ಮಾತು ತಿಳಿಯಿತು: ಈ ಮನುಷ್ಯ ಇಷ್ಟವಾಗಿದ್ದಾನೆ... ಎರಡು ದಿನದ ಬೇಸರ ಅದೇ ಆಗಿತ್ತು.

"ಅಂಥಾದ್ರಾಗ ಗುರುವಾರ ನನ್ನ ಮ್ಯಾಲೇ ಹೊರಸಿದ್ರಿ?"

"ಬಾಗಿಲದಾಗ ನಿಮ್ಮನ್ನ ನೋಡಿ ಗಾಬರಿ ಆತ್ರಿ. ಏನರ ಒಂದು ಹೇಳಿ ಲಗೂ ಹೋಗಬೇಕನಸ್ತು. ಮೋಟಾರ್ ಹಚ್ಚಿ ನೋಡೋದೇ ಮರತೆ." ಅವನು ಚೀಲ ತೆರೆದ. "ಆ ಕೆಂಪು ಚುಕ್ಕಿದು ಕೊಡ್ರಿ. ಒಯ್ತೇನಿ."

ಅದು ಅವಳ ಪರ್ಸಿನಲ್ಲೇ ಇತ್ತು. ಅವಳು ಪರ್ಸಿನ ಜಿಪ್ಪು ಎಳೆದು ಮುಚ್ಚಿದಳು.

"ಇಲ್ಲಿ ಕೊಡಂಗಿಲ್ರಿ. ಐತವಾರ ಮನಿಗಿ ಬಂದು ಅವ್ವನ್ನ ಕೇಳಿ ಒಯ್ಯಿರಿ."

ಅವನು ಅವಳ ಮುಖವನ್ನೇ ನೋಡಿದ. ಈ ಸಲ ಕಣ್ಣು ಕೆಳಗೆ ಹಾಕಲಿಲ್ಲ.

"ಅವ್ವಗ ಏನಂತ ಕೇಳ್ಲಿರಿ? ಬರೇ ಅಡಾಪ್ಟರ್ ಕೇಳ್ಲೋ..."

"ಅಡಾಪ್ಟರ್ ಕೇಳಲಾಕ ಅಷ್ಟು ದೂರ ಯಾರು ಬರ್ತಾರ್ರಿ?"

"ಹನ್ನೊಂದರ ಬಸ್ಸಿಗಿ ಬರ್ತೇನಿ," ಎಂದ ರತ್ನದೀಪ.

"ಹತ್ತರ ಬಸ್ಸಿಗೇ ಬರ್ರಿ," ಎಂದಳು ಮಹಾಮಾಯಾ. "ಬಿಸಿ ರೊಟ್ಟಿ ಸಿಗ್ತಾವ."